ರೌಟರ್ ಬದಲಿಸಬೇಕಾ ಬೇಡವಾ? ಅಳೆದು ನೋಡಿ ತೀರ್ಮಾನಿಸಿದ ಅನುಭವ

ಮನೆಯಲ್ಲಿ ನೆಟ್ ನಿಧಾನವಾದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ರೌಟರ್ ಮೇಲೆ. ನಮ್ಮಲ್ಲೂ ಹಾಗೇ ಆಯಿತು. ಮೈಸೂರಿನಲ್ಲಿ ನಮ್ಮದು ಹಳೆಯ ಮನೆ. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮೇಲೆ ಮೋಲ್ಡ್, ಅದರ ಮೇಲೆ ಆಮೇಲೆ ಕಟ್ಟಿಸಿದ ಒಂದು ರೂಮು. ನಾನು ಆಫೀಸ್ ಕೆಲಸ ಮಾಡುವುದು ಆ ಮೇಲಿನ ರೂಮಿನಲ್ಲಿ. 2018ರಲ್ಲಿ ಕೊಂಡ ರೌಟರ್ ಹಾಲ್‌ನ ಷೋಕೇಸ್‌ನಲ್ಲಿತ್ತು. ಫೈಬರ್ ಪ್ಲಾನನ್ನು 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿಕೊಂಡಿದ್ದೆವು. ಬಿಲ್ ಜಾಸ್ತಿ ಆಯಿತು, ಆದರೆ ಮೇಲೆ ಮೀಟಿಂಗ್ ಮಧ್ಯೆ ವಿಡಿಯೋ ನಿಲ್ಲುವುದು ತಪ್ಪಲಿಲ್ಲ.

"ಅಮ್ಮಾ, ವೈಫೈ 7 ಬಂದಿದೆ, ಹೊಸದು ತಗೊಂಡ್ಬಿಡೋಣ" ಎಂದಳು ಮಗಳು. ವೈಫೈ 5, 6, 7 ಎಂಬುವು ವೈಫೈಯ ಪೀಳಿಗೆಗಳು, ಸಂಖ್ಯೆ ದೊಡ್ಡದಾದಷ್ಟೂ ಹೊಸದು. ತಗೊಳ್ಳಬಹುದಿತ್ತು. ಆದರೆ ತೊಂದರೆ ಎಲ್ಲಿದೆ ಎಂದು ಗೊತ್ತಿಲ್ಲದೆ ದುಡ್ಡು ಹಾಕುವುದು ನನಗೆ ಸರಿ ಕಾಣಲಿಲ್ಲ. ನೆಟ್ ನಿಧಾನ ಅಂದಾಗ ಲೈನ್ ನಿಧಾನ ಇರಬಹುದು, ರೌಟರ್ ಡಬ್ಬಿ ನಿಧಾನ ಇರಬಹುದು, ಡಬ್ಬಿಯಿಂದ ಫೋನಿಗೆ ಗಾಳಿಯಲ್ಲಿ ಹೋಗುವ ಸಿಗ್ನಲ್ ಸೋತಿರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಬಿಡಿಸಿ ನೋಡಲು ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಲ್ಯಾನ್ ಕೇಬಲ್ ಮತ್ತು ಒಂದು ಭಾನುವಾರದ ಬೆಳಗ್ಗೆ ಸಾಕು.

ಮೊದಲು ವೈಫೈ ಬಿಟ್ಟು ಬರೀ ಕೇಬಲ್‌ನಲ್ಲಿ ನೋಡಿದೆ. ಫೈಬರ್ ಬಂದು ಸೇರುವ ಸಣ್ಣ ಪೆಟ್ಟಿಗೆ ಇರುತ್ತದಲ್ಲ, ಒಎನ್‌ಟಿ, ನಮ್ಮಲ್ಲಿ ಅದು ಬ್ರಿಡ್ಜ್ ಮೋಡ್‌ನಲ್ಲಿದೆ. ಅಂದರೆ ಅದು ಸುಮ್ನೆ ದಾರಿ ಬಿಡುತ್ತದೆ, ಕಂಪನಿಯ ಯೂಸರ್‌ನೇಮ್ ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗುವುದು ರೌಟರ್. ಹಾಗಾಗಿ ಲ್ಯಾಪ್‌ಟಾಪ್‌ನಲ್ಲೇ ಒಂದು ಪಿಪಿಪಿಒಇ ಕನೆಕ್ಷನ್ (ಹೀಗೆ ಲಾಗಿನ್ ಆಗುವ ಬಗೆಗೆ ಇರುವ ಹೆಸರು) ಮಾಡಿ, ಒಎನ್‌ಟಿಗೆ ನೇರವಾಗಿ ಕೇಬಲ್ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಓಡಿಸಿದೆ. 290ರ ಮೇಲೆ ಬಂತು. ಲೈನ್‌ನಲ್ಲಿ ಏನೂ ದೋಷವಿಲ್ಲ, ಕಸ್ಟಮರ್ ಕೇರ್‌ಗೆ ಫೋನ್ ಮಾಡುವ ಕೆಲಸ ತಪ್ಪಿತು. ಈ ಟೆಸ್ಟ್ ಮಾಡುವಾಗ ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟ್ ಗಿಗಾಬಿಟ್‌ನದ್ದೇ (1000 ಎಂಬಿಪಿಎಸ್) ಆಗಿರಬೇಕು, ಇಲ್ಲದಿದ್ದರೆ ಅಳತೆಯೇ ತಪ್ಪಾಗುತ್ತದೆ.

ಆಮೇಲೆ ರೌಟರನ್ನು ಮಧ್ಯೆ ತಂದು, ಅದರ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿದೆ. 94. ಮತ್ತೆ ಓಡಿಸಿದರೂ 94. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಡೇಟಾದ ಜೊತೆ ಹೋಗುವ ವಿಳಾಸ ಇತ್ಯಾದಿಗಳ ಪಾಲು ಕಳೆದು ಕೈಗೆ ಸಿಗುವುದು ಹೆಚ್ಚುಕಡಿಮೆ ಇಷ್ಟೇ. ಎಷ್ಟೇ ಸಲ ನೋಡಿದರೂ 93, 94, 95ರ ಹತ್ತಿರವೇ ನಿಂತರೆ ಎಲ್ಲೋ ಒಂದು 100ರ ಪೋರ್ಟ್ ಅಡ್ಡ ನಿಂತಿದೆ ಎಂದೇ ಲೆಕ್ಕ. ಕೇಬಲ್‌ನಿಂದಲೂ ಹೀಗಾಗುತ್ತದೆ. ಒಳಗೆ ಎಂಟು ತಂತಿ ಇರಬೇಕಾದ ಕಡೆ ನಾಲ್ಕೇ ಇದ್ದರೆ, ಅಥವಾ ಒಂದು ತಂತಿ ಕಡಿದಿದ್ದರೆ, ಗಿಗಾಬಿಟ್ ಪೋರ್ಟ್ ಕೂಡ 100ಕ್ಕೆ ಇಳಿದುಬಿಡುತ್ತದೆ. ಅದಕ್ಕೇ ಕೇಬಲ್ ಬದಲಿಸಿ ನೋಡಿದೆ. ಅದೇ 94. ರೌಟರ್‌ನ ವಿವರಪಟ್ಟಿ ತೆಗೆದರೆ ಪೋರ್ಟ್‌ಗಳ ಮುಂದೆ 10/100 ಎಂದು ಬರೆದಿತ್ತು.

ಡಬ್ಬಿಯ ಮೇಲೆ ಮಾತ್ರ ದೊಡ್ಡದಾಗಿ ಎಸಿ 1200 ಎಂದಿದೆ! ಆ 1200 ಎಲ್ಲಿಂದ ಬಂತು ಅಂದರೆ, ಸಿಗ್ನಲ್ ಬಿಡುವ ಎರಡು ರೇಡಿಯೋ ಒಳಗಿವೆ, 2.4 ಗಿಗಾಹರ್ಟ್ಸ್ ರೇಡಿಯೋದ 300, 5 ಗಿಗಾಹರ್ಟ್ಸ್ ರೇಡಿಯೋದ 867, ಎರಡನ್ನೂ ಕೂಡಿಸಿ ಮೇಲಕ್ಕೆ ಸರಿ ಮಾಡಿದ್ದಾರೆ. ಒಂದು ಫೋನು ಒಂದು ಸಲಕ್ಕೆ ಒಂದೇ ರೇಡಿಯೋ ಹಿಡಿಯುತ್ತದೆ. ಅದರಲ್ಲೂ ನಿಜವಾಗಿ ಸಿಗುವುದು ಬರೆದದ್ದರ ಅರ್ಧ, ಹೆಚ್ಚೆಂದರೆ ಸ್ವಲ್ಪ ಮೇಲೆ. ಜನ ಡಬ್ಬಿ ನೋಡಿ ಕೊಳ್ಳುವುದು ಈ ಸಂಖ್ಯೆಯನ್ನೇ. ಪೋರ್ಟ್ ಯಾವುದು ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಆದರೆ ಇಷ್ಟಕ್ಕೇ ರೌಟರ್ ಬದಲಿಸಬೇಕಾಗಿಲ್ಲ. 4ಕೆ ಸಿನಿಮಾ ನೋಡಲು ನೆಟ್‌ಫ್ಲಿಕ್ಸ್ ಕೇಳುವುದು 15 ಎಂಬಿಪಿಎಸ್. ವಿಡಿಯೋ ಮೀಟಿಂಗ್‌ಗೆ ಇದಕ್ಕಿಂತಲೂ ಕಡಿಮೆ ಸಾಕು. ಅತ್ತೆಯ ಧಾರಾವಾಹಿ, ನನ್ನ ಮೀಟಿಂಗ್, ಮಗಳ ಕ್ಲಾಸು ಎಲ್ಲ ಒಟ್ಟಿಗೆ ನಡೆದರೂ 94ರಲ್ಲಿ ಆರಾಮಾಗಿ ಆಗುತ್ತದೆ. ಪ್ಲಾನನ್ನು ವಾಪಸ್ 100ಕ್ಕೆ ಇಳಿಸಿ ಹಳೆಯ ರೌಟರನ್ನೇ ಇಟ್ಟುಕೊಳ್ಳುವುದೂ ಒಂದು ಸರಿಯಾದ ದಾರಿಯೇ. ನಮ್ಮಲ್ಲಿ ಮಗಳು ಆರ್ಕಿಟೆಕ್ಚರ್ ಓದುತ್ತಾಳೆ, ದೊಡ್ಡ ದೊಡ್ಡ ಫೈಲ್ ಇಳಿಸಿಕೊಳ್ಳುವ ಕೆಲಸ ದಿನವೂ ಇರುತ್ತದೆ. ಅದಕ್ಕಾಗಿ 300 ಉಳಿಸಿಕೊಂಡೆವು.

ಇನ್ನು ಮೇಲಿನ ರೂಮು. ಅಲ್ಲಿ ಬರುತ್ತಿದ್ದುದು ಒಂಬತ್ತೋ ಹತ್ತೋ ಎಂಬಿಪಿಎಸ್. 94 ಕೊಡುವ ಡಬ್ಬಿಯಿಂದ ಹತ್ತು ಮಾತ್ರ ಬಂದರೆ ಅದು ಪೋರ್ಟ್‌ನ ಕಥೆಯಲ್ಲ. ಫೋನಿನಲ್ಲಿ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಮನೆಯೆಲ್ಲ ಸುತ್ತಿದೆ. ಅದು ಸಿಗ್ನಲ್ಲನ್ನು ಡಿಬಿಎಂ ಎಂಬ ಅಳತೆಯಲ್ಲಿ ಮೈನಸ್ ಸಂಖ್ಯೆಯಾಗಿ ತೋರಿಸುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಹತ್ತು ಇಳಿದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಬರುತ್ತದೆ. ವಿಡಿಯೋ ಮೀಟಿಂಗ್‌ಗೆ ಮೈನಸ್ 67ರ ಆಸುಪಾಸು ಇದ್ದರೆ ನೆಮ್ಮದಿ. ಹಾಲ್‌ನಲ್ಲಿ ಮೈನಸ್ 45 ಇದ್ದದ್ದು ಮೇಲಿನ ರೂಮಿಗೆ ಹೋಗುವಷ್ಟರಲ್ಲಿ 5 ಗಿಗಾಹರ್ಟ್ಸ್‌ನಲ್ಲಿ ಮೈನಸ್ 82 ಆಗಿತ್ತು. ಅಷ್ಟಕ್ಕೆ ಇಳಿದಾಗ ಫೋನು ತಾನೇ 2.4ಕ್ಕೆ ಹಾರುತ್ತದೆ. ಅದು ಗೋಡೆ ದಾಟುತ್ತದೆ ನಿಜ, ಆದರೆ ಅಕ್ಕಪಕ್ಕದ ಮನೆಗಳೂ ಅಲ್ಲೇ ತುಂಬಿಕೊಂಡಿರುತ್ತವೆ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ನಮ್ಮ ರೌಟರ್ 6ರಲ್ಲಿತ್ತು, ಪಕ್ಕದ ಮನೆಗಳಲ್ಲಿ ಬಹಳಷ್ಟು ಅದರಲ್ಲೇ ಇದ್ದವು. 11ಕ್ಕೆ ಬದಲಿಸಿದೆ, ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿದೆ. ಸ್ವಲ್ಪ ಸುಧಾರಿಸಿತು.

ನಿಜವಾದ ವ್ಯತ್ಯಾಸ ಕಂಡದ್ದು ಜಾಗ ಬದಲಿಸಿದಾಗ. ಷೋಕೇಸ್ ಎಂದರೆ ಮೂರು ಕಡೆ ಮರ, ಪಕ್ಕದಲ್ಲಿ ದೊಡ್ಡ ಟಿವಿ, ಹಿಂದಿನ ಗೋಡೆಗೆ ಒರಗಿದಂತೆ ಆಚೆ ರೂಮಿನ ಕಬ್ಬಿಣದ ಬೀರು. ಕಬ್ಬಿಣ, ಕನ್ನಡಿ, ನೀರು ಈ ಮೂರೂ ಸಿಗ್ನಲ್‌ಗೆ ಆಗದವು. ಉದ್ದದ ಕೇಬಲ್ ಎಳೆದು ರೌಟರನ್ನು ಮೆಟ್ಟಿಲ ಹತ್ತಿರದ ಗೋಡೆಗೆ, ತಲೆಗಿಂತ ಎತ್ತರದಲ್ಲಿ ಹಾಕಿಸಿದೆ. ಮೇಲೆ ಮೈನಸ್ 71 ಬಂತು, ಸ್ಪೀಡು ನಲವತ್ತರ ಹತ್ತಿರ. ಖರ್ಚಾದದ್ದು ಕೇಬಲ್ ಮತ್ತು ಎರಡು ಸ್ಕ್ರೂ.

ಇಲ್ಲಿ ಒಂದು ಪರೀಕ್ಷೆ ಮಾಡಿದೆ, ಆಗುವುದಾದರೆ ನೀವೂ ಮಾಡಿ. ತಮ್ಮನ ಮನೆಯ ವೈಫೈ 6 ರೌಟರನ್ನು ಒಂದು ದಿನಕ್ಕೆ ತಂದು ಹಳೆಯ ಷೋಕೇಸ್ ಜಾಗದಲ್ಲೇ ಇಟ್ಟೆ. ಹಾಲ್‌ನಲ್ಲಿ ಸ್ಪೀಡು ಎಷ್ಟೋ ಪಟ್ಟು ಜಾಸ್ತಿ. ಮೇಲಿನ ರೂಮಿನಲ್ಲಿ ಹೆಚ್ಚುಕಡಿಮೆ ಹಳೆಯದೇ ಹಾಡು. ಇದಕ್ಕೆ ಕಾರಣವಿದೆ. ರೌಟರ್ ಎಷ್ಟು ಶಕ್ತಿಯಲ್ಲಿ ಸಿಗ್ನಲ್ ಬಿಡಬಹುದು ಎಂಬುದಕ್ಕೆ ಸರ್ಕಾರದ ಮಿತಿ ಇದೆ. ಹಳೆಯದಾಗಲಿ ಹೊಸದಾಗಲಿ, ಎರಡು ಆಂಟೆನಾ ಇರಲಿ ಆರು ಇರಲಿ, ಎಲ್ಲವೂ ಆ ಮಿತಿಯೊಳಗೇ ಇರಬೇಕು. ಇನ್ನೊಂದು, ಫೋನು ತಿರುಗಿ ಉತ್ತರ ಕೊಡಬೇಕಲ್ಲ? ವೇದಿಕೆಯ ಮೈಕು ಎಷ್ಟೇ ಜೋರಾಗಿದ್ದರೂ ಕೊನೆಯ ಸಾಲಿನಲ್ಲಿ ಕೂತವರು ಬರೀ ಬಾಯಲ್ಲಿ ಹೇಳಿದ್ದು ವೇದಿಕೆಗೆ ಕೇಳಿಸುವುದಿಲ್ಲ. ಫೋನಿನ ರೇಡಿಯೋ ಸಣ್ಣದು, ಅದು ಹಾಗೇ ಇರುತ್ತದೆ. ಒಂಬತ್ತಿಂಚಿನ ಗೋಡೆ ಮತ್ತು ಕಬ್ಬಿಣ ತುಂಬಿದ ಮೋಲ್ಡ್‌ಗೆ ದುಬಾರಿ ರೌಟರ್ ಉತ್ತರವಲ್ಲ.

ಉತ್ತರ ಕೇಬಲ್. ಎಲೆಕ್ಟ್ರಿಷಿಯನ್‌ಗೆ ಹೇಳಿದಾಗ "ಮೇಡಂ, ರಿಪೀಟರ್ ಹಾಕ್ಬಿಡಿ, ಸುಲಭ" ಎಂದರು. ರಿಪೀಟರ್ ಕೆಲವು ಮನೆಗಳಿಗೆ ಸಾಕಾಗುತ್ತದೆ. ಆದರೆ ಅದು ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು, ಹಾಗಾಗಿ ಸ್ಪೀಡು ಅರ್ಧಕ್ಕೆ ಬರುತ್ತದೆ. ಅದರ ಮೇಲೆ ಅದಕ್ಕೆ ಸಿಗುವುದೇ ಸೋತ ಸಿಗ್ನಲ್. ನಮ್ಮಲ್ಲಿ ಡಿಶ್ ಆಂಟೆನಾಕ್ಕೆಂದು ಹಿಂದೆ ಹಾಕಿದ್ದ ಪಿವಿಸಿ ಪೈಪು ಖಾಲಿ ಇತ್ತು. ಅದರಲ್ಲೇ ಕ್ಯಾಟ್ 6 ಕೇಬಲ್ ಎಳೆಸಿ ಮೇಲೆ ಒಂದು ಸಣ್ಣ ಆ್ಯಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ಅಲ್ಲಿ ವೈಫೈ ಆಗಿ ಬಿಡುವ ಡಬ್ಬಿ) ಹಾಕಿದೆ. ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಸಿಸಿಎ ಎನ್ನುತ್ತಾರೆ. ಪೈಪಿನೊಳಗೆ ಹೋದ ಮೇಲೆ ಅದು ಕೈಕೊಟ್ಟರೆ ಮತ್ತೆ ಎಳೆಯುವ ಕಷ್ಟ ಬೇಡ.

ಹಾಗಾದರೆ ರೌಟರ್ ಬದಲಿಸಲೇ ಇಲ್ಲವಾ? ಬದಲಿಸಿದೆ. ಅದಕ್ಕೆ ಸ್ಪೀಡಿಗಿಂತ ದೊಡ್ಡ ಕಾರಣ ಬೇರೆ ಇತ್ತು. ನಮ್ಮ ಮಾಡೆಲ್‌ಗೆ ಕೊನೆಯ ಸಾಫ್ಟ್‌ವೇರ್ ಅಪ್‌ಡೇಟ್ ಬಂದು ವರ್ಷಗಳೇ ಆಗಿದ್ದವು. ತಯಾರಕರು ಅದನ್ನು ಬೆಂಬಲ ಮುಗಿದ ಮಾಡೆಲ್‌ಗಳ ಪಟ್ಟಿಗೆ ಹಾಕಿದ್ದರು. ಇದನ್ನು ನೋಡುವಾಗ ಡಬ್ಬಿಯ ತಳದ ಸ್ಟಿಕರ್‌ನಲ್ಲಿರುವ ವರ್ಷನ್ ಸಂಖ್ಯೆಯನ್ನೂ ನೋಡಬೇಕು. ವಿ1, ವಿ2 ಎಂದಿರುತ್ತದೆ, ಹೆಸರು ಒಂದೇ ಆದರೂ ಒಳಗಿನ ಸಾಮಾನು ಬೇರೆ, ಅಪ್‌ಡೇಟ್ ಬೇರೆ.

ಬ್ರಿಡ್ಜ್ ಮೋಡ್‌ನಲ್ಲಿ ಇಂಟರ್‌ನೆಟ್‌ಗೆ ಎದುರಾಗಿ ನಿಂತಿರುವುದು ರೌಟರ್ ಒಂದೇ. ಅದರಲ್ಲಿ ತೂತು ಸಿಕ್ಕಿದರೆ ಮುಚ್ಚುವವರಿಲ್ಲ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಮಾಲ್‌ವೇರ್ ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು, ಬಹುಪಾಲು ಮನೆ ಮತ್ತು ಸಣ್ಣ ಆಫೀಸುಗಳ ರೌಟರ್‌ಗಳು. 2025ರ ಮೇ ತಿಂಗಳಲ್ಲಿ ಅಮೆರಿಕದ ಎಫ್‌ಬಿಐ, ಬೆಂಬಲ ಮುಗಿದ ರೌಟರ್‌ಗಳನ್ನು ಕಳ್ಳರು ಹಿಡಿದುಕೊಂಡು ತಮ್ಮ ಗುರುತು ಮರೆಸಲು ಬಳಸುತ್ತಿದ್ದಾರೆ, ಅಂಥವನ್ನು ಬದಲಿಸಿ ಎಂದು ಎಚ್ಚರಿಸಿತು. ನಮ್ಮ ಮನೆಯ ವಿಳಾಸದಿಂದ ಯಾರೋ ಎಲ್ಲಿಗೋ ಕೈ ಹಾಕುವುದು ಸಣ್ಣ ಮಾತಲ್ಲ ಅಲ್ವಾ? ರೌಟರ್ ಬಿಸಿಯಾಗದೆ, ನಿಲ್ಲದೆ, ಚೆನ್ನಾಗಿ ಓಡುತ್ತಿದ್ದರೂ ಈ ಒಂದು ಕಾರಣಕ್ಕೆ ನಾನು ಬದಲಿಸುತ್ತಿದ್ದೆ. ನಿಮ್ಮ ಮನೆಯಲ್ಲಿ ಲಾಗಿನ್ ಕೂಡ ಕಂಪನಿ ಕೊಟ್ಟ ಡಬ್ಬಿಯಲ್ಲೇ ಆಗುತ್ತಿದ್ದರೆ, ಅದಕ್ಕೆ ಅಪ್‌ಡೇಟ್ ಬರುತ್ತಿದೆಯಾ ಎಂದು ಅವರನ್ನೇ ಕೇಳಿ.

ಯಾವುದನ್ನು ಕೊಳ್ಳುವುದು ಎಂಬುದು ಆಮೇಲೆ ಸುಲಭವಾಯಿತು. ಮನೆಯಲ್ಲಿರುವ ಸಾಧನಗಳನ್ನು ನೋಡಿದೆ. ಒಂದೆರಡು ಫೋನು ವೈಫೈ 6, ನನ್ನ ಲ್ಯಾಪ್‌ಟಾಪು ಮತ್ತು ಟಿವಿ ವೈಫೈ 5, ಗೇಟಿನ ಕ್ಯಾಮೆರಾ 2.4 ಮಾತ್ರ. ವೈಫೈ 7 ಹಿಡಿಯುವುದು ಒಂದೂ ಇಲ್ಲ. ಅದರ ದೊಡ್ಡ ಲಾಭವಾದ 320 ಮೆಗಾಹರ್ಟ್ಸ್ ಅಗಲದ ಚಾನೆಲ್ ಸಿಗುವುದು 6 ಗಿಗಾಹರ್ಟ್ಸ್‌ನಲ್ಲಿ. ನಮ್ಮ ದೇಶದಲ್ಲಿ ಆ ಬ್ಯಾಂಡ್‌ನ ಕೆಳಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಎನ್ನುವ ಕರಡು ನಿಯಮ ಬಂದದ್ದೇ 2025ರ ಮೇ ತಿಂಗಳಲ್ಲಿ. ಮಗಳಿಗೆ ಇದನ್ನೆಲ್ಲ ತೋರಿಸಿದೆ, ಅವಳೂ ಒಪ್ಪಿದಳು. ವೈಫೈ 6, ಎಲ್ಲ ಪೋರ್ಟ್ ಗಿಗಾಬಿಟ್, ಡಬ್ಲ್ಯುಪಿಎ3 (ವೈಫೈಗೆ ಹಾಕುವ ಬೀಗದ ಹೊಸ ಬಗೆ, ಹಿಂದಿನದು ಡಬ್ಲ್ಯುಪಿಎ2), ಇಷ್ಟು ಇರುವ ಮಧ್ಯಮ ಬೆಲೆಯದ್ದು ಸಾಕು ಎಂದುಕೊಂಡೆವು.

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದು ಇಲ್ಲಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಇದಕ್ಕೊಂದು ದಾರಿ ಇದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಜಾರಿಯಾದ ಕಾನೂನಿನ ಪ್ರಕಾರ, ಅಲ್ಲಿ ಮಾರುವ ರೌಟರ್‌ಗಳಿಗೆ ಕನಿಷ್ಠ ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆ ಎಂದು ತಯಾರಕರು ಬಹಿರಂಗವಾಗಿ ಹೇಳಲೇಬೇಕು. ಅದೇ ಮಾಡೆಲ್‌ನ ಬ್ರಿಟನ್ ಪುಟ ತೆಗೆದು ದಿನಾಂಕ ನೋಡಿದೆ. ಇಲ್ಲಿಗೆ ಅದು ಕಾನೂನಾಗಿ ಅನ್ವಯಿಸುವುದಿಲ್ಲ, ಆದರೆ ಕಂಪನಿಯ ಮನಸ್ಸು ತಿಳಿಯುತ್ತದೆ. ಇದೇ ಕಾರಣಕ್ಕೆ ಇಷ್ಟವಾಗಿದ್ದ ಒಂದು ಮಾಡೆಲ್ ಕೈಬಿಟ್ಟೆ.

ಕರೆಂಟ್ ವಿಷಯ ಮರೆಯಬೇಡಿ. ನಮ್ಮ ರೌಟರ್ ಮತ್ತು ಒಎನ್‌ಟಿ ಮಿನಿ ಯುಪಿಎಸ್ ಮೇಲೆ ನಡೆಯುತ್ತವೆ. ಹಳೆಯದರ ಅಡಾಪ್ಟರ್ 12 ವೋಲ್ಟ್ 1 ಆಂಪಿಯರ್, ಹೊಸದು 12 ವೋಲ್ಟ್ 1.5. ನಮ್ಮ ಯುಪಿಎಸ್ ಅದನ್ನು ತಾಳುತ್ತದೆ, ಆದರೆ ಮೊದಲಿನಷ್ಟು ಹೊತ್ತು ಬರುವುದಿಲ್ಲ.

ಜೋಡಿಸುವಾಗ ಹಳೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನೇ ಹೊಸದಕ್ಕೂ ಕೊಟ್ಟೆ. ಮೇಲಿನ ಆ್ಯಕ್ಸೆಸ್ ಪಾಯಿಂಟ್‌ಗೂ ಅದೇ. ಅತ್ತೆಯ ಟ್ಯಾಬು, ಟಿವಿ, ಎಲ್ಲವೂ ತಾವೇ ಸೇರಿಕೊಂಡವು. ಗೇಟಿನ ಕ್ಯಾಮೆರಾ ಮಾತ್ರ ಡಬ್ಲ್ಯುಪಿಎ3 ಬೆರೆತ ನೆಟ್‌ವರ್ಕ್‌ಗೆ ಬರಲಿಲ್ಲ. ಅದಕ್ಕೆ ಬರೀ ಡಬ್ಲ್ಯುಪಿಎ2 ಇರುವ ಒಂದು ಗೆಸ್ಟ್ ನೆಟ್‌ವರ್ಕ್ ಮಾಡಿಕೊಟ್ಟೆ. ಹಾಗೆ ಬೇರೆ ಇಡುವುದೇ ಒಳ್ಳೆಯದು, ಕ್ಯಾಮೆರಾದಿಂದ ಮನೆಯ ಲ್ಯಾಪ್‌ಟಾಪ್‌ಗಳಿಗೆ ದಾರಿ ಇರಬಾರದು. ಪಾಸ್‌ವರ್ಡ್ ಹಾಕದೆ ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಕೊಟ್ಟು ಸೇರಿಸುವ ಡಬ್ಲ್ಯುಪಿಎಸ್ ಸೌಲಭ್ಯ ಬಂದ್ ಮಾಡಿದೆ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ತಾನಾಗೇ ಅಪ್‌ಡೇಟ್ ಆಗುವ ಆಯ್ಕೆ ಹಾಕಿದೆ.

ಈಗ ಹಾಲ್‌ನಲ್ಲಿ ವೈಫೈಯಲ್ಲೇ 280ರ ಮೇಲೆ ಬರುತ್ತದೆ. ಮೇಲಿನ ರೂಮಿನಲ್ಲಿ 250ರ ಸುತ್ತ, ಅದು ಕೇಬಲ್‌ನ ಕೃಪೆ. ಅಡುಗೆಮನೆ ಹಿಂದಿನ ಹಿತ್ತಲಿನಲ್ಲಿ ಇನ್ನೂ ಸರಿಯಾಗಿ ಸಿಗುವುದಿಲ್ಲ, ಅಲ್ಲಿ ಬೇಕಾಗಿಯೂ ಇಲ್ಲ. ಹಳೆಯ ರೌಟರನ್ನು "ನಮ್ಮನೆಗೆ ಕೊಡಿ ಅಕ್ಕಾ" ಎಂದು ಪರಿಚಯದವರೊಬ್ಬರು ಕೇಳಿದರು. ನಾನು ಯಾಕೆ ತೆಗೆದೆ ಎಂದು ಹೇಳಿ, ಕೊಡಲಿಲ್ಲ. ಅದರೊಳಗೆ ನಮ್ಮ ಕನೆಕ್ಷನ್‌ನ ಯೂಸರ್‌ನೇಮ್, ಪಾಸ್‌ವರ್ಡ್ ಉಳಿದಿರುತ್ತವೆ. ಹಿಂದಿನ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದು ಎಲ್ಲ ಅಳಿಸಿ, ಇ-ವೇಸ್ಟ್ ತಗೊಳ್ಳುವವರಿಗೆ ಕೊಟ್ಟೆ.