ಪೇರ್ ಲಾಶೇಜ್: ಪ್ಯಾರಿಸ್ಸಿನ ದೊಡ್ಡ ಸ್ಮಶಾನವನ್ನು ಓದುತ್ತ ನಡೆಯುವ ಬಗೆ

ಪ್ಯಾರಿಸ್ಸಿನ ಪೂರ್ವ ಭಾಗದಲ್ಲಿರುವ ಪೇರ್ ಲಾಶೇಜ್ ಸ್ಮಶಾನಕ್ಕೆ ಹೋಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಪ್ರಸಿದ್ಧರ ಹೆಸರುಗಳ ಪಟ್ಟಿಯೊಂದನ್ನು ಹಿಡಿದು ಒಂದು ಗೋರಿಯಿಂದ ಮತ್ತೊಂದಕ್ಕೆ ಅಲೆದು, ಎರಡೇ ಗಂಟೆಯಲ್ಲಿ ಕಾಲು ಸೋತು ಹೊರಬರುತ್ತಾರೆ. ಸುಮಾರು 44 ಹೆಕ್ಟೇರ್, ಅಂದರೆ ನೂರು ಎಕರೆಗೂ ಮಿಕ್ಕ ಜಾಗದಲ್ಲಿ 70,000ದಷ್ಟು ಸಮಾಧಿಗಳಿರುವಾಗ ಹಾಗಾಗುವುದು ಸಹಜ. ಆ ಪಟ್ಟಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಯಾರು ಯಾವ ನಿಯಮದಿಂದ, ಯಾವ ಕಾಲದಲ್ಲಿ ಇಲ್ಲಿಗೆ ಬಂದರು ಎಂಬುದನ್ನು ಮೊದಲು ತಿಳಿದುಕೊಂಡರೆ ಅದೇ ಪಟ್ಟಿಗೆ ಅರ್ಥ ಬರುತ್ತದೆ.

ಹೊರಡುವ ಮೊದಲು ಹಿನ್ನೆಲೆಯನ್ನು ಇಷ್ಟಾದರೂ ಓದಿಕೊಳ್ಳಿ. ಹದಿನೆಂಟನೆಯ ಶತಮಾನದವರೆಗೂ ಪ್ಯಾರಿಸ್ಸಿನವರು ಹೆಣಗಳನ್ನು ಊರ ನಡುವಿನ ಚರ್ಚುಗಳ ಆವರಣದಲ್ಲೇ ಹೂಳುತ್ತಿದ್ದರು. ಅವುಗಳಲ್ಲಿ ದೊಡ್ಡದಾಗಿದ್ದ, ಇನ್ನೊಸೆಂಟ್ಸ್ ಎಂದು ಕರೆಯುತ್ತಿದ್ದ ಸ್ಮಶಾನವು ಶತಮಾನಗಳ ಶವಗಳಿಂದ ತುಂಬಿ ಅದರ ನೆಲ ಸುತ್ತಲಿನ ಬೀದಿಗಿಂತ ಎತ್ತರವಾಗಿತ್ತು. 1780ರಲ್ಲಿ ಪಕ್ಕದ ಮನೆಯೊಂದರ ನೆಲಮಾಳಿಗೆಯ ಗೋಡೆ ಆ ಭಾರ ತಾಳಲಾರದೆ ಕುಸಿಯಿತು. ಸ್ಮಶಾನವನ್ನು ಮುಚ್ಚಿ, ಮುಂದೆ ಅಲ್ಲಿನ ಮೂಳೆಗಳನ್ನು ಹಳೆಯ ಕಲ್ಲುಗಣಿಗಳ ಸುರಂಗಗಳಿಗೆ ಸಾಗಿಸಿದರು. ನೆಪೋಲಿಯನ್ನನ ಆಡಳಿತವು 1804ರಲ್ಲಿ ಹೊರಡಿಸಿದ ಆಜ್ಞೆಯು ಊರೊಳಗೆ ಹೂಳುವುದನ್ನು ನಿಷೇಧಿಸಿ, ಪ್ರತಿಯೊಬ್ಬರಿಗೂ ಪ್ರತ್ಯೇಕ ಗುಂಡಿ ಇರಬೇಕೆಂದು ವಿಧಿಸಿತು. ಅದೇ ವರ್ಷ ಆಗಿನ ನಗರದ ಅಂಚಿನ ಗುಡ್ಡವೊಂದರ ಮೇಲೆ ಈ ಸ್ಮಶಾನ ತೆರೆಯಿತು. ಗುಡ್ಡವು ಹಿಂದೆ ಜೆಸ್ಯೂಟ್ ಪಾದ್ರಿಗಳ ವಿಶ್ರಾಂತಿಧಾಮವಾಗಿತ್ತು, ಹದಿನಾಲ್ಕನೆಯ ಲೂಯಿಯ ಪಾಪನಿವೇದನೆಯನ್ನು ಕೇಳುತ್ತಿದ್ದ ಫಾದರ್ ಲಾ ಶೇಜ್ ಅಲ್ಲಿ ತಂಗುತ್ತಿದ್ದರು. ಅಧಿಕೃತವಾಗಿ ‘ಪೂರ್ವದ ಸ್ಮಶಾನ’ ಎಂಬ ಹೆಸರಿದ್ದರೂ ಜನರ ಬಾಯಲ್ಲಿ ಉಳಿದದ್ದು ಪಾದ್ರಿಯ ಹೆಸರೇ.

ಆರಂಭದಲ್ಲಿ ಇದು ಯಾರಿಗೂ ಬೇಡವಾದ ಜಾಗವಾಗಿತ್ತು. ಊರಿನಿಂದ ದೂರ, ಮೇಲಾಗಿ ಏರುದಾರಿ. ಆಗ ಆಡಳಿತದವರು ಹೂಡಿದ ಉಪಾಯ ಇಂದಿನ ಬಡಾವಣೆ ಮಾರುವವರನ್ನೂ ನಾಚಿಸುವಂಥದ್ದು. 1817ರಲ್ಲಿ ನಾಟಕಕಾರ ಮೋಲಿಯೇರ್ ಮತ್ತು ನೀತಿಕಥೆಗಳ ಕವಿ ಲಾ ಫೋಂತೇನರ ಅಸ್ಥಿಗಳೆಂದು ನಂಬಲಾದವುಗಳನ್ನೂ, ಹನ್ನೆರಡನೆಯ ಶತಮಾನದ ಪ್ರೇಮಿಗಳಾದ ಅಬೆಲಾರ್ ಮತ್ತು ಎಲೊಯೀಸರ ಅವಶೇಷಗಳನ್ನೂ ಇಲ್ಲಿಗೆ ತಂದು ಪ್ರತಿಷ್ಠಾಪಿಸಿದರು. ಆ ಮೂಳೆಗಳು ನಿಜವಾಗಿ ಅವರವೇ ಎಂಬ ಬಗ್ಗೆ ಅನುಮಾನ ಇಂದಿಗೂ ಇದೆ, ಆದರೆ ಉಪಾಯ ಫಲಿಸಿತು: ಮೋಲಿಯೇರ್ ಇರುವಲ್ಲಿ ತಮಗೂ ಜಾಗ ಬೇಕೆಂದು ಸಿರಿವಂತರು ಬರತೊಡಗಿದರು. ನಟನೆಂಬ ಕಾರಣಕ್ಕೆ 1673ರಲ್ಲಿ ಚರ್ಚಿನ ಗೌರವವಿಲ್ಲದೆ ರಾತ್ರಿ ಹೊತ್ತು ಹೂಳಿಸಿಕೊಂಡವನು ಒಂದೂವರೆ ಶತಮಾನದ ಬಳಿಕ ಸ್ಮಶಾನಕ್ಕೇ ಮರ್ಯಾದೆ ತಂದುಕೊಟ್ಟ.

ಇನ್ನು ದಾರಿಯ ವಿಷಯ. ಮಂಡಿನೋವಿರುವವರು ಗಾಂಬೆಟ್ಟಾ ಮೆಟ್ರೋ ನಿಲ್ದಾಣದಲ್ಲಿಳಿದು ಮೇಲಿನ ದ್ವಾರದಿಂದ ಒಳಹೊಕ್ಕು ಇಳಿಜಾರಿನಲ್ಲಿ ನಡೆಯುವುದು ಲೇಸು. ಇತಿಹಾಸಕ್ಕಾಗಿ ಬಂದವರು ಮಾತ್ರ ಮೆನಿಲ್‌ಮೋಂತಾಂ ಬುಲೆವಾರ್ಡ್ ಕಡೆಯ ಮುಖ್ಯದ್ವಾರದಿಂದಲೇ ಹೊರಡಬೇಕು, ಏಕೆಂದರೆ ಕೆಳಗಿನ ಇಳಿಜಾರು ಹಳೆಯ ಭಾಗ, ಮೇಲಿನ ಬಯಲು ಆಮೇಲೆ ಸೇರಿಸಿಕೊಂಡದ್ದು. ಸುತ್ತಿ ಬಳಸುವ ಕಾಲುದಾರಿಗಳು ಮುಗಿದು ಚದುರಂಗದ ಮನೆಗಳಂತೆ ನೇರ ಗೆರೆಗಳು ಶುರುವಾದವೆಂದರೆ ಕಾಲ ಬದಲಾಯಿತೆಂದು ತಿಳಿಯಿರಿ. ಪ್ರವೇಶ ಉಚಿತ. ಸ್ಮಶಾನವನ್ನು 97 ವಿಭಾಗಗಳಾಗಿ ಹಂಚಿದ್ದಾರೆ, ಆದ್ದರಿಂದ ನೋಡಬೇಕಾದ ಹೆಸರಿನ ಎದುರು ವಿಭಾಗದ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ದಾರಿಗೆ ಹಾಸಿರುವ ಗುಂಡುಗಲ್ಲುಗಳು ಮಳೆ ಬಂದರೆ ಜಾರುತ್ತವೆ; ಗಟ್ಟಿ ಅಟ್ಟೆಯ ಬೂಟು ಬೇಕು.

ಒಳಹೊಕ್ಕ ಕೂಡಲೇ ಪ್ರಸಿದ್ಧರತ್ತ ಧಾವಿಸದೆ, ಹೆಸರು ಕೇಳಿರದ ಯಾವುದಾದರೂ ಕುಟುಂಬದ ಗೋರಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಟೆಲಿಫೋನ್ ಬೂತಿನಷ್ಟೇ ಅಗಲದ ಕಲ್ಲಿನ ಗುಡಿ, ತುಕ್ಕು ಹಿಡಿದ ಕಬ್ಬಿಣದ ಬಾಗಿಲು, ಹಿಂಬದಿಯ ಗೋಡೆಯಲ್ಲಿ ಅರ್ಧ ಒಡೆದ ಬಣ್ಣದ ಗಾಜು, ಒಳಗೆ ಮಂಡಿಯೂರಿ ಪ್ರಾರ್ಥಿಸಲು ಇಟ್ಟ ಕುರ್ಚಿಯ ಮೇಲೆ ಒಣಗಿದ ಎಲೆಗಳು. ಬಾಗಿಲ ಮೇಲೆ ‘ಫಾಮಿಯ್’ ಎಂಬ ಪದದೊಂದಿಗೆ ಮನೆತನದ ಹೆಸರಿರುತ್ತದೆ. ‘ಇಸಿ ರಪೋಜ್’ ಎಂದರೆ ಇಲ್ಲಿ ವಿಶ್ರಮಿಸಿದ್ದಾರೆ, ‘ನೇ’ ಎಂಬುದರ ಮುಂದಿನದು ಹೆಣ್ಣಿನ ತವರುಮನೆಯ ಹೆಸರು. ರೆಕ್ಕೆಯಿರುವ ಮರಳುಗಡಿಯಾರ ಹಾರಿಹೋಗುವ ಕಾಲವನ್ನೂ, ತಲೆಕೆಳಗಾದ ಪಂಜು ಆರಿದ ಜೀವವನ್ನೂ, ಮುರಿದ ಕಂಬ ಅಕಾಲಮರಣವನ್ನೂ ಸೂಚಿಸುತ್ತದೆ. ಇಷ್ಟು ಗೊತ್ತಾದರೆ ಫ್ರೆಂಚ್ ಬಾರದವರೂ ಒಂದು ಮನೆತನದ ಮೂರು ತಲೆಮಾರನ್ನು ಕಲ್ಲಿನ ಮೇಲೆ ಓದಬಲ್ಲರು.

ಆ ಗೋರಿಯ ಮೇಲೆ ನಗರಾಡಳಿತದ ಚಿಕ್ಕ ಸೂಚನಾಪತ್ರವೇನಾದರೂ ಅಂಟಿದ್ದರೆ ಅದು ಈ ಸ್ಮಶಾನದ ಮುಖ್ಯ ನಿಯಮದ ಗುರುತು. ಇಲ್ಲಿ ನೆಲವನ್ನು ಕೊಂಡುಕೊಳ್ಳುವುದಿಲ್ಲ. ಹತ್ತು, ಮೂವತ್ತು, ಐವತ್ತು ವರ್ಷಗಳಿಗೆ ಅಥವಾ ಶಾಶ್ವತವಾಗಿ ಬಳಸುವ ಹಕ್ಕನ್ನು ಪಡೆಯುತ್ತಾರೆ. ಅವಧಿ ಮುಗಿದು ನವೀಕರಿಸದಿದ್ದರೆ ಅಸ್ಥಿಗಳನ್ನು ಹೊರತೆಗೆದು ಸಾಮೂಹಿಕ ಅಸ್ಥಿಗೃಹಕ್ಕೆ ಸೇರಿಸಿ, ಜಾಗವನ್ನು ಬೇರೆಯವರಿಗೆ ಕೊಡಲಾಗುತ್ತದೆ. ಶಾಶ್ವತವೆಂದು ಬರೆಸಿಕೊಂಡದ್ದು ಕೂಡ ನೋಡುವವರಿಲ್ಲದೆ ಪಾಳುಬಿದ್ದರೆ ನಗರದ ವಶವಾಗಬಹುದು. ಪ್ಯಾರಿಸ್ಸಿನಲ್ಲಿ ವಾಸವಿದ್ದವರಿಗೆ, ಅಲ್ಲಿ ತೀರಿಕೊಂಡವರಿಗೆ, ಇಲ್ಲವೇ ಇಲ್ಲಿ ಕುಟುಂಬದ ಗೋರಿಯಿರುವವರಿಗೆ ಇಲ್ಲಿ ಮಣ್ಣಾಗುವ ಹಕ್ಕುಂಟು. ಅಮೆರಿಕದ ಗಾಯಕ ಜಿಮ್ ಮಾರಿಸನ್ 1971ರಲ್ಲಿ ಪ್ಯಾರಿಸ್ಸಿನ ಮನೆಯೊಂದರಲ್ಲಿ ಸತ್ತದ್ದರಿಂದ 6ನೆಯ ವಿಭಾಗದಲ್ಲಿದ್ದಾನೆ. ಜೆ. ಆರ್. ಡಿ. ಟಾಟಾ ಅವರು ಇಲ್ಲಿರುವುದು ಮೂರನೆಯ ಕಾರಣದಿಂದ: ಸ್ಮಶಾನಕ್ಕೆ ನೂರು ತುಂಬಿದ 1904ರಲ್ಲಿ ಫ್ರೆಂಚ್ ತಾಯಿಯ ಮಗನಾಗಿ ಪ್ಯಾರಿಸ್ಸಿನಲ್ಲೇ ಹುಟ್ಟಿದ ಅವರು 1993ರಲ್ಲಿ ಜಿನೀವಾದಲ್ಲಿ ತೀರಿಕೊಂಡಾಗ ಕುಟುಂಬದ ಗೋರಿಗೆ ಮರಳಿದರು.

ಏರುತ್ತ ಹೋದಂತೆ 11ನೆಯ ವಿಭಾಗದಲ್ಲಿ ಸಂಗೀತಗಾರ ಶೋಪಾನ್ ಸಿಗುತ್ತಾನೆ. 1849ರಲ್ಲಿ ಅವನ ದೇಹ ಇಲ್ಲಿ ಉಳಿಯಿತು, ಹೃದಯ ಮಾತ್ರ ಅವನ ಇಚ್ಛೆಯಂತೆ ವಾರ್ಸಾದ ಚರ್ಚೊಂದಕ್ಕೆ ಹೋಯಿತು. ಈಜಿಪ್ಟಿನ ಚಿತ್ರಲಿಪಿಯನ್ನು ಬಿಡಿಸಿದ ಶಾಂಪೋಲಿಯೋಂಗೆ 18ನೆಯ ವಿಭಾಗದಲ್ಲಿ ತಕ್ಕಂತೆ ಒಬೆಲಿಸ್ಕ್, ಅಂದರೆ ಈಜಿಪ್ಟಿನ ಮಾದರಿಯ ಚೂಪುತುದಿಯ ಕಲ್ಲುಕಂಬ ನಿಂತಿದೆ. ಅದರ ಪಕ್ಕದ 19ನೆಯದರಲ್ಲಿ ಹೋಮಿಯೋಪಥಿಯ ಹಾನಿಮನ್ ಇದ್ದಾರೆ. 1843ರಲ್ಲಿ ಮೋಂಮಾರ್ತ್ರ್‌ನಲ್ಲಿ ಹೂಳಿದ್ದ ಅವರನ್ನು 1898ರಲ್ಲಿ ಇಲ್ಲಿಗೆ ತಂದರು. ನಮ್ಮಲ್ಲಿ ಆ ಸಕ್ಕರೆ ಗುಳಿಗೆ ನುಂಗದ ಮನೆ ಅಪರೂಪವಾದರೂ, ಭಾರತೀಯ ಪ್ರವಾಸಿಗರು ಈ ಗೋರಿಯನ್ನು ದಾಟಿಹೋಗುವುದೇ ಹೆಚ್ಚು.

ಗುಡ್ಡದ ಮೇಲಿನ ಪ್ರಾರ್ಥನಾಮಂದಿರದ ಪಕ್ಕದಲ್ಲಿ, 55ನೆಯ ವಿಭಾಗದಲ್ಲಿ, ಸುತ್ತಲಿನವನ್ನೆಲ್ಲ ಕುಬ್ಜವಾಗಿಸುವ ಕಟ್ಟಡವೊಂದಿದೆ. ಅದು 1877ರಲ್ಲಿ ತೀರಿಕೊಂಡ ರಾಜಕಾರಣಿ ಅಡಾಲ್ಫ್ ತಿಯೇರ್‌ನ ಗೋರಿ. ಅದರ ಗಾತ್ರವನ್ನು ನೆನಪಿಟ್ಟುಕೊಂಡು ಮುಂದುವರಿಯಿರಿ. 87ನೆಯ ವಿಭಾಗದಲ್ಲಿ 1889ರ ಚಿತಾಗಾರವೂ ಚಿತಾಭಸ್ಮದ ಗೂಡುಗಳ ಸಾಲೂ ಇವೆ. 89ರಲ್ಲಿ ಲೇಖಕ ಆಸ್ಕರ್ ವೈಲ್ಡನಿಗೆ ಜೇಕಬ್ ಎಪ್‌ಸ್ಟೈನ್ ಕೆತ್ತಿದ ರೆಕ್ಕೆಯ ಆಕೃತಿಯ ಸುತ್ತ ಗಾಜಿನ ತಡೆ ಕಾಣುತ್ತದೆ. ಅಭಿಮಾನಿಗಳ ತುಟಿಬಣ್ಣದ ಮುತ್ತುಗಳಿಂದ ಕಲ್ಲು ಸವೆಯತೊಡಗಿದ್ದರಿಂದ 2011ರಲ್ಲಿ ಅದನ್ನು ಹಾಕಿದರು. 97ರಲ್ಲಿ ಗಾಯಕಿ ಎಡಿತ್ ಪಿಯಾಫ್‌ಳ ಸರಳವಾದ ಗೋರಿಯಿದೆ.

ಕೊನೆಗೆ 76ನೆಯ ವಿಭಾಗದ ಹೊರಗೋಡೆಗೆ ಬನ್ನಿ. 1871ರ ಮೇ 28ರಂದು, ಹಿಂದಿನ ದಿನ ಗೋರಿಗಳ ನಡುವೆಯೇ ನಡೆದ ಕಾದಾಟದ ಬಳಿಕ, ಸರ್ಕಾರದ ವಿರುದ್ಧ ದಂಗೆಯೆದ್ದು ಕೆಲಕಾಲ ನಗರವನ್ನು ಆಳಿದ ಪ್ಯಾರಿಸ್ ಕಮ್ಯೂನಿನ 147 ಮಂದಿಯನ್ನು ಈ ಗೋಡೆಗೆ ನಿಲ್ಲಿಸಿ ಗುಂಡಿಟ್ಟು, ಬುಡದಲ್ಲೇ ತೋಡಿದ ಹಳ್ಳಕ್ಕೆ ತಳ್ಳಿದರು. ಆ ದಂಗೆಯನ್ನು ಹತ್ತಿಕ್ಕಿದ ಸರ್ಕಾರದ ಮುಖ್ಯಸ್ಥ ತಿಯೇರ್. ಇಲ್ಲಿ ಇರುವುದು ಒಂದು ಫಲಕ, ಅದರ ಮೇಲೆ ಕೆಲವೇ ಪದಗಳು. ಕೆಳಗೆ ಯಾರಾದರೂ ಇಟ್ಟುಹೋದ ಕೆಂಪು ಹೂಗಳು ಇರುವುದುಂಟು. ಎದುರಿಗೆ ನಾಜಿ ಶಿಬಿರಗಳಲ್ಲಿ ಸತ್ತವರ ಸ್ಮಾರಕಗಳಿವೆ. ಇದನ್ನು ನೋಡಲು ಅರ್ಧ ಗಂಟೆಯನ್ನಾದರೂ ಉಳಿಸಿಕೊಂಡಿರಿ. ಸಂಜೆ ದ್ವಾರಗಳನ್ನು ಮುಚ್ಚುವ ಹೊತ್ತಿಗೆ ಇಲ್ಲಿಂದ ಮುಖ್ಯದ್ವಾರಕ್ಕೆ ಮರಳಲು ಇಡೀ ಗುಡ್ಡವನ್ನು ದಾಟಬೇಕಾಗುತ್ತದೆ, ಹಾಗಾಗಿ ಹತ್ತಿರದ ರೆಯುನಿಯೋಂ ದ್ವಾರದಿಂದಲೇ ಹೊರಬನ್ನಿ.