ಮಲ್ಟಿಮೀಡಿಯಾ ಡೆವಲಪರ್‌ಗಳ ಸಂಬಳ: ಅಳೆಯುವುದು ಹೇಗೆ, ಕೇಳುವುದು ಹೇಗೆ

ಮಲ್ಟಿಮೀಡಿಯಾ ಡೆವಲಪರ್ ಎಂಬ ಹುದ್ದೆಯ ಹೆಸರನ್ನು ನೋಡಿ ಸಂಬಳವನ್ನು ಅಂದಾಜು ಮಾಡಲು ಹೊರಟರೆ ಲೆಕ್ಕ ತಪ್ಪುತ್ತದೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ಈ ಹೆಸರಿನವರು ಬ್ಯಾಂಕ್ ನೌಕರರ ತರಬೇತಿಗಾಗಿ ಆರ್ಟಿಕ್ಯುಲೇಟ್ ಸ್ಟೋರಿಲೈನ್‌ನಲ್ಲಿ ಇ-ಲರ್ನಿಂಗ್ ಪಾಠಗಳನ್ನು ಸಿದ್ಧಪಡಿಸುತ್ತಾರೆ. ಇನ್ನೊಂದರಲ್ಲಿ ಆಫ್ಟರ್ ಎಫೆಕ್ಟ್ಸ್ ಬಳಸಿ ಜಾಹೀರಾತುಗಳಿಗೆ ಮೋಷನ್ ಗ್ರಾಫಿಕ್ಸ್, ಅಂದರೆ ಚಲಿಸುವ ಅಕ್ಷರ-ಚಿತ್ರಗಳನ್ನು, ಮಾಡುತ್ತಾರೆ. ಮತ್ತೊಂದರಲ್ಲಿ ಯೂನಿಟಿ ಎಂಜಿನ್‌ನಲ್ಲಿ ಸಿ ಶಾರ್ಪ್ ಕೋಡ್ ಬರೆದು, ಕಾರ್ಖಾನೆಯ ಯಂತ್ರವನ್ನು ಬಿಚ್ಚಿ ಜೋಡಿಸುವುದನ್ನು ಕಲಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ತರಬೇತಿಯನ್ನು ಕಟ್ಟುತ್ತಾರೆ. ಮೂವರ ಗುರುತಿನ ಚೀಟಿಯ ಮೇಲೂ ಒಂದೇ ಹುದ್ದೆಯ ಹೆಸರಿರಬಹುದು. ಆದರೆ ಐದಾರು ವರ್ಷ ಕಳೆಯುವ ಹೊತ್ತಿಗೆ ಮೂರನೆಯವರ ಸಂಬಳ ಮೊದಲನೆಯವರ ಎರಡರಷ್ಟಾಗಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಈ ಕ್ಷೇತ್ರದಲ್ಲಿ ಬಹಳ ಕಾಲ ದುಡಿದು, ಈಗ ಕಿರಿಯರ ಆಫರ್ ಪತ್ರಗಳನ್ನು ಅವರೊಂದಿಗೆ ಕುಳಿತು ಓದುವ ನನಗೆ ಖಚಿತವಾಗಿರುವ ಸಂಗತಿ ಇಷ್ಟು: ನಮಗೆ ಎಷ್ಟು ತಂತ್ರಾಂಶಗಳು ಬರುತ್ತವೆ ಎಂಬುದಕ್ಕಿಂತ, ನಮ್ಮ ಕೆಲಸ ಯಾರ ಹಣಕ್ಕೆ ಎಷ್ಟು ಹತ್ತಿರವಿದೆ ಎಂಬುದೇ ಸಂಬಳವನ್ನು ನಿರ್ಧರಿಸುತ್ತದೆ.

ಮೊದಲು ನಿಮ್ಮ ಸ್ಥಾನ ಎಲ್ಲಿದೆ ಎಂದು ಗುರುತಿಸಿಕೊಳ್ಳಿ

ಬೆಂಗಳೂರಿನಲ್ಲಿ ನಾನು ಓದಿರುವ ಆಫರ್ ಪತ್ರಗಳ ಆಧಾರದ ಮೇಲೆ ಹೇಳುವುದಾದರೆ, ವಿಎಫ್‌ಎಕ್ಸ್ (ವಿಷುವಲ್ ಎಫೆಕ್ಟ್ಸ್) ಸ್ಟುಡಿಯೋಗಳಲ್ಲಿ ರೋಟೊ (ದೃಶ್ಯದ ಆಕೃತಿಗಳನ್ನು ಫ್ರೇಮ್ ಫ್ರೇಮಾಗಿ ಬೇರ್ಪಡಿಸುವುದು), ಪೇಂಟ್ (ದೃಶ್ಯದಲ್ಲಿ ಬೇಡದ್ದನ್ನು ಅಳಿಸುವುದು), ಮ್ಯಾಚ್‌ಮೂವ್ (ಕ್ಯಾಮೆರಾದ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸುವುದು) ವಿಭಾಗಗಳಿಗೆ ಸೇರುವ ಹೊಸಬರಿಗೆ ತಿಂಗಳಿಗೆ ₹15,000ದಿಂದ ₹20,000ದ ಆಸುಪಾಸಿನಲ್ಲಿ ಸಂಬಳ ಶುರುವಾಗುತ್ತದೆ. ಇ-ಲರ್ನಿಂಗ್ ಸೇವಾ ಕಂಪನಿಗಳು ಹೊಸಬರಿಗೆ ವರ್ಷಕ್ಕೆ ₹3 ಲಕ್ಷದ ಸುತ್ತ ಕೊಡುತ್ತವೆ. ನಾಲ್ಕರಿಂದ ಆರು ವರ್ಷ ಅನುಭವವಿದ್ದವರು ₹6 ಲಕ್ಷದಿಂದ ₹10 ಲಕ್ಷದವರೆಗೆ ತಲುಪುತ್ತಾರೆ. ಕೋಡ್ ಬರೆಯಬಲ್ಲವರು, ಅಂದರೆ ಯೂನಿಟಿ, ಅನ್‌ರಿಯಲ್ ಎಂಬ ಗೇಮ್ ಎಂಜಿನ್‌ಗಳಲ್ಲಿ ಅಥವಾ ಬ್ರೌಸರ್‌ನಲ್ಲಿ 3ಡಿ ತೋರಿಸುವ ವೆಬ್‌ಜಿಎಲ್‌ನಲ್ಲಿ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ನಿಭಾಯಿಸಬಲ್ಲವರು, ಅಷ್ಟೇ ಅನುಭವಕ್ಕೆ ₹12 ಲಕ್ಷವನ್ನು ದಾಟಿದ್ದನ್ನು ಕಂಡಿದ್ದೇನೆ. ಇವು ನನ್ನ ಕಣ್ಣಿಗೆ ಬಿದ್ದ ಮೊತ್ತಗಳೇ ಹೊರತು ಇಡೀ ಉದ್ಯಮದ ಸರಾಸರಿಯಲ್ಲ. ಸಂದರ್ಶನಕ್ಕೆ ಹೋಗುವ ಮುನ್ನ ಅದೇ ಕೆಲಸ ಮಾಡುತ್ತಿರುವ ಕನಿಷ್ಠ ಮೂವರನ್ನು ನೇರವಾಗಿ ವಿಚಾರಿಸಿ. ಎಷ್ಟು ಸಂಬಳ ಎಂದು ಕೇಳಲು ಸಂಕೋಚವಾದರೆ, 'ಈ ಅನುಭವಕ್ಕೆ ಎಷ್ಟು ಕೇಳಿದರೆ ಸರಿ ಸರ್?' ಎಂದು ಕೇಳಿದರೂ ಸಾಕು, ಹೆಚ್ಚಿನವರು ಮನಸ್ಸು ಬಿಚ್ಚಿ ಹೇಳುತ್ತಾರೆ.

ಈ ಅಂತರಕ್ಕೆ ಕಾರಣವಿದೆ. ಸೇವಾ ಕಂಪನಿಯು ನಿಮ್ಮ ದುಡಿಮೆಯನ್ನು ಗಂಟೆಗೆ ಇಷ್ಟು ಅಥವಾ ಶಾಟ್‌ಗೆ ಇಷ್ಟು ಎಂದು ಹೊರದೇಶದ ಗ್ರಾಹಕರಿಗೆ ಮಾರುತ್ತದೆ. ಅಲ್ಲಿ ಗ್ರಾಹಕರು ಕೊಡುವ ದರವೇ ನಿಮ್ಮ ಸಂಬಳದ ಮೇಲ್ಮಿತಿ; ನೀವು ಎಷ್ಟೇ ಚೆನ್ನಾಗಿ ಮಾಡಿದರೂ ಮ್ಯಾನೇಜರ್ ಆ ಮಿತಿಯನ್ನು ಮೀರಲಾರರು. ತನ್ನದೇ ಆ್ಯಪ್, ಆಟ ಅಥವಾ ಉಪಕರಣವನ್ನು ಮಾರುವ ಪ್ರಾಡಕ್ಟ್ ಕಂಪನಿಯಲ್ಲಿ ನಿಮ್ಮ ಕೆಲಸವು ಮಾರಾಟದ ವಸ್ತುವಿನೊಳಗೇ ಸೇರಿಕೊಂಡಿರುವುದರಿಂದ ಅಂಥ ಸಿದ್ಧ ಮಿತಿ ಇರುವುದಿಲ್ಲ. ಬಹುರಾಷ್ಟ್ರೀಯ ಕಂಪನಿಗಳ ಬೆಂಗಳೂರು ಕೇಂದ್ರಗಳಲ್ಲಿರುವ ತರಬೇತಿ ಅಥವಾ ಮಾರ್ಕೆಟಿಂಗ್ ವಿಭಾಗಗಳು ಇವೆರಡರ ನಡುವೆ ಬರುತ್ತವೆ: ಸಂಬಳ ಚೆನ್ನಾಗಿರುತ್ತದೆ, ಬಡ್ತಿಯ ಮೆಟ್ಟಿಲುಗಳು ಕಡಿಮೆ. ಆದ್ದರಿಂದ ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆಯನ್ನು ಕೇಳಲೇಬೇಕು: 'ಈ ತಂಡದ ಕೆಲಸವನ್ನು ಗ್ರಾಹಕರಿಗೆ ಬಿಲ್ ಮಾಡಲಾಗುತ್ತದೆಯೇ, ಅಥವಾ ಇದು ಕಂಪನಿಯ ಸ್ವಂತ ಉತ್ಪನ್ನಕ್ಕೆ ಸೇರಿದ್ದೇ?' ಮುಂದಿನ ಮೂರು ವರ್ಷಗಳಲ್ಲಿ ನಿಮ್ಮ ಸಂಬಳ ಎಷ್ಟು ಏರಬಹುದು ಎಂಬುದರ ಸುಳಿವು ಇದರ ಉತ್ತರದಲ್ಲಿ ಸಿಗುತ್ತದೆ.

ಊರಿನ ವಿಷಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ ಪ್ರತ್ಯೇಕ ನೀತಿಯನ್ನು 2012ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ಕರ್ನಾಟಕ. ಈಗ 2024–29ರ ಅವಧಿಯ ಮೂರನೆಯ ನೀತಿ ಜಾರಿಯಲ್ಲಿದೆ. ಹಾಗಿದ್ದರೂ ಹೆಚ್ಚಿನ ಕೆಲಸಗಳು ಇಂದಿಗೂ ಬೆಂಗಳೂರಿನಲ್ಲಿಯೇ ಇವೆ. ಮೈಸೂರಿನಲ್ಲೋ ಮಂಗಳೂರಿನಲ್ಲೋ ತಿಂಗಳಿಗೆ ಐದಾರು ಸಾವಿರ ಕಡಿಮೆ ಸಿಕ್ಕಿದರೂ ಸ್ವಂತ ಮನೆಯಲ್ಲಿದ್ದು ದುಡಿಯುವಂತಿದ್ದರೆ, ಬೆಂಗಳೂರಿನ ಪಿಜಿ ಬಾಡಿಗೆಯನ್ನೂ ಓಡಾಟದ ಖರ್ಚನ್ನೂ ಕಳೆದು ನೋಡಿ. ಎಷ್ಟೋ ಸಲ ಚಿಕ್ಕ ಊರಿನ ಕೆಲಸದಲ್ಲೇ ಹೆಚ್ಚು ಉಳಿತಾಯವಾಗುತ್ತದೆ. ಆದರೆ ಕಲಿಯುವ ವಯಸ್ಸಿನಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕೆಲಸ ನೋಡುವ ಅವಕಾಶಕ್ಕೂ ಬೆಲೆಯಿದೆ ಎಂಬುದನ್ನು ಮರೆಯಬಾರದು.

ಯಾವ ಕೌಶಲಕ್ಕೆ ಹಣ ಬರುತ್ತದೆ

ಸುಮಾರು 2008ರ ಹೊತ್ತಿಗೆ ನಮ್ಮಲ್ಲಿ ಮಲ್ಟಿಮೀಡಿಯಾ ಎಂದರೆ ಬಹುಮಟ್ಟಿಗೆ, ಬ್ರೌಸರ್‌ನಲ್ಲಿ ಅನಿಮೇಷನ್ ಮತ್ತು ಆಟಗಳನ್ನು ಓಡಿಸುತ್ತಿದ್ದ ಫ್ಲ್ಯಾಶ್ ಎಂದೇ ಅರ್ಥವಾಗಿತ್ತು. ಫ್ಲ್ಯಾಶ್ ಪ್ಲೇಯರ್ ಅನ್ನು ನಿಲ್ಲಿಸುವುದಾಗಿ ಅಡೋಬಿ 2017ರ ಜುಲೈನಲ್ಲಿ ಘೋಷಿಸಿ, 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲವನ್ನು ಕೊನೆಗೊಳಿಸಿತು. ಮೂರೂವರೆ ವರ್ಷಗಳ ಕಾಲಾವಕಾಶ ಎಲ್ಲರಿಗೂ ಸಮನಾಗಿಯೇ ಸಿಕ್ಕಿತ್ತು. ಫ್ಲ್ಯಾಶ್‌ನ ಕೋಡ್ ಭಾಷೆಯಾದ ಆ್ಯಕ್ಷನ್‌ಸ್ಕ್ರಿಪ್ಟ್‌ನಲ್ಲಿ ಪ್ರೋಗ್ರಾಮಿಂಗ್‌ನ ಮೂಲ ತರ್ಕವನ್ನು ಕಲಿತಿದ್ದವರು ಜಾವಾಸ್ಕ್ರಿಪ್ಟ್ ಮತ್ತು ಎಚ್‌ಟಿಎಂಎಲ್5ಕ್ಕೆ ಕೆಲವು ತಿಂಗಳುಗಳಲ್ಲಿ ಹೊರಳಿಕೊಂಡರು, ಅವರ ಸಂಬಳ ಏರಿತು. ಟೈಮ್‌ಲೈನ್‌ನಲ್ಲಿ ಕೀಫ್ರೇಮ್ (ಚಲನೆಯ ಆರಂಭ, ಕೊನೆಯ ಬಿಂದುಗಳು) ಇಡುವುದನ್ನಷ್ಟೇ ಬಲ್ಲವರು, ಅವರ ಕೈಕೆಲಸ ಅಚ್ಚುಕಟ್ಟಾಗಿದ್ದರೂ, ಹೊಸಬರೊಂದಿಗೆ ಸರತಿಯಲ್ಲಿ ನಿಲ್ಲಬೇಕಾಯಿತು. ನನ್ನ ಜೊತೆ ಕೆಲಸ ಮಾಡಿದ ಇಬ್ಬರು ಒಳ್ಳೆಯ ಕಲಾವಿದರು ಆ ಸಮಯದಲ್ಲಿ ಈ ಕ್ಷೇತ್ರವನ್ನೇ ಬಿಟ್ಟರು. ಆ ನೋವು ನನಗೆ ಇನ್ನೂ ಇದೆ. ಈಗ ಚಿತ್ರವನ್ನೂ ವಿಡಿಯೋವನ್ನೂ ಉತ್ಪಾದಿಸುವ ಎಐ ಉಪಕರಣಗಳು ಬಂದಿರುವುದರಿಂದ ಹಿನ್ನೆಲೆ ತೆಗೆಯುವುದು, ಸರಳ ವಿವರಣಾ ವಿಡಿಯೋ ಮಾಡುವುದು ಮೊದಲಾದ ಕೆಲಸಗಳ ದರದ ಮೇಲೆ ಅಂಥದ್ದೇ ಒತ್ತಡ ಬಿದ್ದಿದೆ.

ಹಾಗಾಗಿ ಕಲಿಕೆಗೆ ಸಮಯ ಹೂಡುವಾಗ, ಇನ್ನೊಂದು ತಂತ್ರಾಂಶವನ್ನು ಪಟ್ಟಿಗೆ ಸೇರಿಸುವ ಬದಲು ನಿಮ್ಮ ಈಗಿನ ಕೆಲಸದ ಆಚೆಗಿನ ಹಂತವನ್ನು ಕಲಿಯಿರಿ. ಸ್ಟೋರಿಲೈನ್ ಬರುತ್ತದೆಯೆಂದರೆ, ಸಿದ್ಧವಾದ ಪಾಠವು ಸ್ಕಾರ್ಮ್ ಪ್ಯಾಕೇಜ್ (ಇ-ಲರ್ನಿಂಗ್ ಪಾಠಗಳ ಸಾಮಾನ್ಯ ಮಾದರಿಯ ಕಡತ) ಆಗಿ ಎಲ್‌ಎಂಎಸ್‌ಗೆ (ಪಾಠ, ಅಂಕಗಳನ್ನು ನಿರ್ವಹಿಸುವ ವ್ಯವಸ್ಥೆಗೆ) ಹೋದಾಗ ಅಂಕ ಏಕೆ ದಾಖಲಾಗಲಿಲ್ಲ ಎಂದು ಹುಡುಕಿ ಸರಿಪಡಿಸಲು ಕಲಿಯಿರಿ. ಮೋಷನ್ ಗ್ರಾಫಿಕ್ಸ್ ಬರುತ್ತದೆಯೆಂದರೆ, ಆಫ್ಟರ್ ಎಫೆಕ್ಟ್ಸ್‌ನ ಎಕ್ಸ್‌ಪ್ರೆಷನ್‌ಗಳನ್ನು (ಸಣ್ಣ ಕೋಡ್ ಸಾಲುಗಳನ್ನು) ಬರೆದು, ಎಕ್ಸೆಲ್ ಹಾಳೆಯ ಐವತ್ತು ಹೆಸರುಗಳಿಗೆ ಐವತ್ತು ವಿಡಿಯೋಗಳು ತಾವಾಗಿಯೇ ತಯಾರಾಗುವ ಟೆಂಪ್ಲೇಟ್ ಮಾಡಲು ಕಲಿಯಿರಿ. 3ಡಿ ತಂತ್ರಾಂಶವಾದ ಬ್ಲೆಂಡರ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಪೈಥಾನ್ ಸ್ಕ್ರಿಪ್ಟ್ ಬರೆಯುವ ಅವಕಾಶವೂ ಇದೆ. ತಂಡದಲ್ಲಿ ಏನಾದರೂ ಕೆಟ್ಟುನಿಂತಾಗ ಯಾರನ್ನು ಕರೆಯುತ್ತಾರೋ ಅವರಿಗೇ ಸಂಬಳ ಹೆಚ್ಚಿಗೆ ಬರುತ್ತದೆ.

ಕನ್ನಡ ಬಲ್ಲವರಿಗೆ ಇಲ್ಲಿ ಇನ್ನೊಂದು ಅವಕಾಶವಿದೆ. ಪಠ್ಯದ ಎಂಜಿನ್ ಭಾರತೀಯ ಲಿಪಿಗಳಿಗೆ ಹೊಂದಿಕೊಂಡಿರದ ತಂತ್ರಾಂಶದಲ್ಲಿ 'ಅರ್ಥಶಾಸ್ತ್ರ' ಎಂದು ಟೈಪ್ ಮಾಡಿ ನೋಡಿ. ಥಕಾರದ ಬಲಗಡೆ ಬರಬೇಕಾದ ಅರ್ಕಾವೊತ್ತು ಅದರ ಎಡಗಡೆ ಬಿಡಿ ರಕಾರವಾಗಿ ನಿಲ್ಲುತ್ತದೆ; ಸಕಾರದ ಕೆಳಗೆ ಇಳಿಯಬೇಕಾದ ತಕಾರ ರಕಾರಗಳೆರಡೂ ಒಂದರ ಪಕ್ಕ ಒಂದು ಸಾಲಾಗಿ ಬಂದು, ನಡುವೆ ಹಲಂತದ ಗುರುತುಗಳು ಉಳಿಯುತ್ತವೆ. ಕನ್ನಡ ಬಾರದ ಸಂಪಾದಕರ ಕಣ್ಣಿಗೆ ಇದು ಬೀಳುವುದೇ ಇಲ್ಲ, ಜಾಹೀರಾತು ಹಾಗೆಯೇ ಪ್ರಸಾರವಾಗಿ ಗ್ರಾಹಕರು ತಲೆತಗ್ಗಿಸಬೇಕಾಗುತ್ತದೆ. ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದು, ಕನ್ನಡ ವಾಕ್ಯ ಇಂಗ್ಲಿಷಿಗಿಂತ ಉದ್ದವಾದಾಗ ಪರದೆಯ ವಿನ್ಯಾಸವನ್ನು ಸರಿಹೊಂದಿಸುವುದು, ಹಿನ್ನೆಲೆ ಧ್ವನಿಗೆ ತಕ್ಕಂತೆ ಅನಿಮೇಷನ್‌ನ ಕಾಲವನ್ನು ಹಿಗ್ಗಿಸುವುದು ಇವೆಲ್ಲ ಪ್ರತ್ಯೇಕ ಕೆಲಸಗಳು. ಇವನ್ನು 'ಭಾಷೆ ಗೊತ್ತು' ಎಂಬ ಒಂದು ಸಾಲಿನಲ್ಲಿ ಮುಗಿಸದೆ, ಬಯೋಡೇಟಾದಲ್ಲಿ ಒಂದೊಂದಾಗಿ ಬರೆದು, ಶೋರೀಲ್‌ನಲ್ಲಿ (ನಿಮ್ಮ ಕೆಲಸದ ಮಾದರಿಗಳ ಚಿಕ್ಕ ವಿಡಿಯೋದಲ್ಲಿ) ಕೆಟ್ಟದ್ದನ್ನೂ ಸರಿಪಡಿಸಿದ್ದನ್ನೂ ಅಕ್ಕಪಕ್ಕ ತೋರಿಸಿ.

ಶೋರೀಲ್ ಒಂದೂವರೆ ನಿಮಿಷ ಮೀರದಿರಲಿ, ಅತ್ಯುತ್ತಮ ಕೆಲಸ ಮೊದಲ ಹತ್ತು ಸೆಕೆಂಡಿನಲ್ಲಿಯೇ ಬರಲಿ. ಪ್ರತಿಯೊಂದು ತುಣುಕಿನಲ್ಲಿ ನೀವು ಮಾಡಿದ್ದೇನು, ಉಳಿದವರು ಮಾಡಿದ್ದೇನು ಎಂಬುದನ್ನು ಪ್ರಾಮಾಣಿಕವಾಗಿ ಬರೆಯಿರಿ. ಉದ್ಯೋಗದಲ್ಲಿದ್ದಾಗ ಮಾಡಿದ ಕೆಲಸದ ಹಕ್ಕುಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಮಾಲೀಕರದ್ದೇ ಆಗಿರುವುದರಿಂದ, ಕೆಲಸ ಬಿಡುವ ಮುನ್ನ ಯಾವುದನ್ನು ತೋರಿಸಬಹುದು ಎಂದು ಇಮೇಲ್‌ನಲ್ಲಿ ಅನುಮತಿ ಪಡೆದಿಟ್ಟುಕೊಳ್ಳಿ.

ಆಫರ್ ಪತ್ರವನ್ನು ಓದುವ ಕ್ರಮ

ನನ್ನ ಮೊದಲ ಕೆಲಸಕ್ಕೆ ಸಹಿ ಹಾಕುವಾಗ ಸಿಟಿಸಿಯನ್ನು (ಕಂಪನಿ ಒಬ್ಬ ನೌಕರರಿಗಾಗಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚವನ್ನು) 12ರಿಂದ ಭಾಗಿಸಿ, ಅಷ್ಟೂ ಹಣ ಕೈಗೆ ಬರುತ್ತದೆಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ. ಮೊದಲ ತಿಂಗಳ ಚೀಟಿ ನೋಡಿದಾಗ ಕಾಲು ಭಾಗಕ್ಕಿಂತಲೂ ಹೆಚ್ಚು ಹಣ ಕಡಿತವಾಗಿತ್ತು, ಮತ್ತು ಅದಾಗಲೇ ಅಷ್ಟು ಬಾಡಿಗೆಯ ಮನೆಗೆ ಮುಂಗಡ ಕೊಟ್ಟಾಗಿತ್ತು. ಹಾಗಾಗದಿರಲು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಿ. ಸಿಟಿಸಿ ವರ್ಷಕ್ಕೆ ₹6,00,000 ಎಂದರೆ ತಿಂಗಳಿಗೆ ₹50,000. ಮೂಲ ವೇತನ ₹25,000 ಆಗಿದ್ದು, ಪೂರ್ತಿ ಮೂಲ ವೇತನದ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ, ಮಾಲೀಕರ ಪಾಲಿನ 12%, ಅಂದರೆ ₹3,000, ಆ ಐವತ್ತು ಸಾವಿರದೊಳಗೇ ಇರುತ್ತದೆ. ಗ್ರಾಚ್ಯುಟಿಯೆಂದು ಮೂಲ ವೇತನದ 4.81%, ಸುಮಾರು ₹1,200, ಅದರೊಳಗೇ ಸೇರಿರುತ್ತದೆ. ಸಾಧನೆಯನ್ನು ನೋಡಿ ವರ್ಷದ ಕೊನೆಗೆ ಕೊಡುವ ವೇರಿಯಬಲ್ ಪೇ ಸಿಟಿಸಿಯ 10% ಎಂದಿದ್ದರೆ ತಿಂಗಳಿಗೆ ₹5,000, ಆರೋಗ್ಯ ವಿಮೆಗೆ ₹800. ಉಳಿದದ್ದು ₹40,000. ಇದರಿಂದ ನಿಮ್ಮ ಪಾಲಿನ ಪಿಎಫ್ ₹3,000 ಮತ್ತು ರಾಜ್ಯದ ವೃತ್ತಿ ತೆರಿಗೆ ₹200 ಕಳೆದರೆ, ಬ್ಯಾಂಕ್ ಖಾತೆಗೆ ಬರುವುದು ₹36,800.

ಪಿಎಫ್ ನಿಮ್ಮದೇ ಉಳಿತಾಯವಾದ್ದರಿಂದ ಅದನ್ನು ನಷ್ಟವೆಂದು ಭಾವಿಸಬೇಕಿಲ್ಲ. ಎಚ್ಚರ ಬೇಕಾಗಿರುವುದು ವೇರಿಯಬಲ್ ಪೇ ವಿಷಯದಲ್ಲಿ. ಕಳೆದ ಎರಡು ವರ್ಷಗಳಲ್ಲಿ ಅದನ್ನು ಶೇಕಡಾ ಎಷ್ಟು ಕೊಟ್ಟಿದ್ದಾರೆ ಎಂದು ಎಚ್‌ಆರ್ ಅವರನ್ನು ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ಆ ಮೊತ್ತವನ್ನು ಸೊನ್ನೆಯೆಂದೇ ಎಣಿಸಿ ಎರಡು ಆಫರ್‌ಗಳನ್ನು ಹೋಲಿಸಿ. ರಾತ್ರಿ ಪಾಳಿ, ಡೆಲಿವರಿ ಸಮಯದ ವಾರಾಂತ್ಯದ ಕೆಲಸ, ಅದಕ್ಕೆ ಬದಲಿ ರಜೆ ಇವೆಲ್ಲ ಪತ್ರದಲ್ಲಿ ಬರೆದಿವೆಯೇ ಎಂದು ನೋಡಿ. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಡುವಂತೆ ಯಾರು ಹೇಳಿದರೂ ಒಪ್ಪಬೇಡಿ. ಪ್ರತಿಗಳನ್ನು ಕೊಟ್ಟು ಮೂಲವನ್ನು ತೋರಿಸಿ ವಾಪಸ್ ಪಡೆಯಿರಿ.

ಹೆಚ್ಚಿಗೆ ಕೇಳುವುದಿದ್ದರೆ ಅದಕ್ಕೆ ಸಮಯವಿದೆ. ಆಯ್ಕೆಯಾಗಿದೆಯೆಂದು ಹೇಳಿದ ಮೇಲೆ, ಸಹಿ ಮಾಡುವ ಮುನ್ನ, ನಿಮ್ಮ ಮಾತಿಗೆ ಇರುವಷ್ಟು ತೂಕ ಮತ್ತೆಂದೂ ಇರುವುದಿಲ್ಲ. ಆಗ ಮನೆಯ ಕಷ್ಟವನ್ನು ಹೇಳಿಕೊಳ್ಳದೆ ಕೆಲಸದ ಲೆಕ್ಕವನ್ನು ಮುಂದಿಡಿ: 'ಹಿಂದಿನ ತಂಡದಲ್ಲಿ ಒಂದು ಪಾಠಕ್ಕೆ ಒಂಬತ್ತು ದಿನ ಹಿಡಿಯುತ್ತಿತ್ತು, ನಾನು ಮಾಡಿಕೊಟ್ಟ ಟೆಂಪ್ಲೇಟ್‌ನಿಂದ ಅದು ಆರು ದಿನಕ್ಕೆ ಇಳಿಯಿತು' ಎಂಬಂಥ ನಿಜವಾದ ಒಂದು ಮಾತು ಸಾಕು. ಇದಕ್ಕಾಗಿ ಕೆಲಸದಲ್ಲಿರುವಾಗಲೇ ಪ್ರತಿ ತಿಂಗಳೂ ಒಂದು ನೋಟ್‌ಬುಕ್‌ನಲ್ಲಿ ಇಂಥ ಎರಡು ಸಾಲು ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. ನೋಟಿಸ್ ಅವಧಿ 90 ದಿನವಿದ್ದರೆ ಹೊಸ ಕಂಪನಿ ಕಾಯಲು ಹಿಂಜರಿಯುತ್ತದೆ. ಸೇರುವಾಗಲೇ ಅದನ್ನು 60 ಅಥವಾ 30ಕ್ಕೆ ಇಳಿಸಲು ಕೇಳುವುದೂ ಸಂಬಳದ ಮಾತುಕತೆಯ ಭಾಗವೇ.

ಫ್ರೀಲ್ಯಾನ್ಸ್ ಮಾಡುವವರು ದರ ಕಟ್ಟುವ ಬಗೆ

ಪಕ್ಕದವರ ದರವನ್ನು ನೋಡಿ ನಿಮ್ಮದನ್ನು ನಿಗದಿ ಮಾಡಬೇಡಿ, ನಿಮ್ಮ ಖರ್ಚಿನಿಂದ ಆರಂಭಿಸಿ. ತಿಂಗಳಿಗೆ ₹60,000 ಬೇಕು ಎಂದುಕೊಳ್ಳೋಣ, ವರ್ಷಕ್ಕೆ ₹7,20,000. ಕಂಪ್ಯೂಟರ್‌ನ ಸವಕಳಿ, ತಂತ್ರಾಂಶದ ಚಂದಾ, ವಿದ್ಯುತ್, ಇಂಟರ್‌ನೆಟ್, ಆರೋಗ್ಯ ವಿಮೆ ಎಲ್ಲ ಸೇರಿ ₹1,80,000 ಎಂದರೆ ಒಟ್ಟು ₹9,00,000. ವಾರಾಂತ್ಯ, ಹಬ್ಬ, ಅನಾರೋಗ್ಯದ ದಿನಗಳನ್ನು ಬಿಟ್ಟು ವರ್ಷಕ್ಕೆ ಸುಮಾರು 240 ದಿನ ಉಳಿಯುತ್ತವೆ. ಅದರಲ್ಲಿ ಗ್ರಾಹಕರನ್ನು ಹುಡುಕುವುದು, ಕೊಟೇಶನ್ ಬರೆಯುವುದು, ಬಾಕಿಗಾಗಿ ಫೋನ್ ಮಾಡುವುದು ಇವೆಲ್ಲ ಕಳೆದು ಹಣ ತರುವ ದಿನಗಳು 150 ಎಂದು ಹಿಡಿದರೆ, ದಿನದ ದರ ₹6,000 ಆಗುತ್ತದೆ. ದಿನಕ್ಕೆ ₹2,500 ಸಾಕು ಎಂದು ಒಪ್ಪಿಕೊಳ್ಳುವವರು ಸಂಬಳದ ಕೆಲಸಕ್ಕಿಂತ ಕಡಿಮೆಗೆ ದುಡಿಯುತ್ತಿರುತ್ತಾರೆ, ಆದರೆ ಅದು ಅವರ ಅರಿವಿಗೆ ಬರುವುದು ಕಂಪ್ಯೂಟರ್ ಕೆಟ್ಟ ದಿನ.

ತಿದ್ದುಪಡಿಗಳ ಮಿತಿಯನ್ನು ಕೊಟೇಶನ್‌ನಲ್ಲೇ ಬರೆಯಿರಿ. 40 ಸೆಕೆಂಡಿನ ಒಂದು ವಿಡಿಯೋಗೆ ನಾನು 11 ಬಾರಿ ತಿದ್ದಿಕೊಟ್ಟಿದ್ದೇನೆ. ಮಿತಿ ಬರೆದಿರಲಿಲ್ಲವಾದ್ದರಿಂದ ಕೇಳಲು ನನ್ನ ಬಳಿ ಆಧಾರವೇ ಇರಲಿಲ್ಲ. ಎರಡು ಸುತ್ತು ಉಚಿತ, ನಂತರದ ಪ್ರತಿ ಸುತ್ತಿಗೆ ಅರ್ಧ ದಿನದ ದರ ಎಂದಿಟ್ಟುಕೊಳ್ಳುವುದು ನ್ಯಾಯವಾದ ಕ್ರಮ. ಸೋರ್ಸ್ ಫೈಲ್‌ಗಳಿಗೆ ಪ್ರತ್ಯೇಕ ಬೆಲೆ ಹೇಳಿ, ಪೂರ್ತಿ ಹಣ ಬಂದ ಮೇಲೆಯೇ ಕೊಡಿ. ಮುಂಗಡ 40%ಕ್ಕಿಂತ ಕಡಿಮೆಯಾದರೆ ಕೆಲಸ ಆರಂಭಿಸಬೇಡಿ.

ಕಂಪನಿಗಳು ವೃತ್ತಿಪರ ಶುಲ್ಕದಿಂದ ಸಾಮಾನ್ಯವಾಗಿ 10% ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಉಳಿದದ್ದನ್ನು ಕೊಡುತ್ತವೆ. ರಿಟರ್ನ್ ಸಲ್ಲಿಸಿ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ನಮ್ಮ ರಾಜ್ಯದಲ್ಲಿ ಸೇವೆಗಳ ವಾರ್ಷಿಕ ವಹಿವಾಟು ₹20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ನೋಂದಣಿ. ಶುಲ್ಕವಿಲ್ಲದೆ ಆನ್‌ಲೈನ್‌ನಲ್ಲಿ ಆಗುವ ಈ ನೋಂದಣಿಯಿದ್ದರೆ, 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಖರೀದಿದಾರರು ಕೆಲಸವನ್ನು ಸ್ವೀಕರಿಸಿದ ದಿನದಿಂದ ಹೆಚ್ಚೆಂದರೆ 45 ದಿನಗಳೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕಾಗುತ್ತದೆ. ತಡವಾದರೆ ಚಕ್ರಬಡ್ಡಿ ಸೇರುತ್ತದೆ, ದೂರನ್ನು ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದಾಖಲಿಸಬಹುದು. ಉದ್ಯಮ್ ಸಂಖ್ಯೆಯನ್ನು ಇನ್‌ವಾಯ್ಸ್‌ನ ಮೇಲ್ಭಾಗದಲ್ಲಿ, ಹಣ ಸಂದಾಯವಾಗಬೇಕಾದ ದಿನಾಂಕವನ್ನು ಅದರ ಕೆಳಗೇ ಮುದ್ರಿಸಿ ಕಳುಹಿಸಿ.