ಸ್ಟಿಮಾ, ಟೋಕನ್, ಹಬೆ: ಕೆನ್ಯಾಕ್ಕೆ ಬಂದಿಳಿದ ಕನ್ನಡಿಗರಿಗೆ ಕರೆಂಟಿನ ಕೈಪಿಡಿ

ನೈರೋಬಿಗೆ ಬಂದ ಮೂರನೆಯ ಸಂಜೆ ಚಟ್ನಿ ರುಬ್ಬುತ್ತಿದ್ದ ಮಿಕ್ಸಿ ತಟ್ಟನೆ ನಿಂತಿತು. ದೀಪವೂ ಆರಿತು. ಊರಿನ ಅಭ್ಯಾಸದಂತೆ ಮೊದಲು ಬಾಲ್ಕನಿಗೆ ಹೋಗಿ ಎದುರು ಮನೆಯನ್ನು ನೋಡಿದೆ. ಅಲ್ಲಿ ಟಿ.ವಿ. ಉರಿಯುತ್ತಿತ್ತು. ಫ್ಯೂಸ್ ಹೋಗಿರಬೇಕೆಂದು ಕೆಳಗಿಳಿದು ಕಾವಲುಗಾರನನ್ನು ವಿಚಾರಿಸಿದರೆ ಅವನು ನಕ್ಕುಬಿಟ್ಟ. ಸ್ಟಿಮಾ ಇದೆ, ನಿಮ್ಮ ಟೋಕನ್ ಮುಗಿದಿದೆ ಎಂದ. ಮನೆ ಬಿಟ್ಟುಹೋದ ಹಿಂದಿನ ಬಾಡಿಗೆದಾರ ಉಳಿಸಿಹೋಗಿದ್ದ ನಾಲ್ಕಾರು ಯುನಿಟ್‌ಗಳನ್ನು ನಾವು ಮೂರು ದಿನದಲ್ಲಿ ತಿಂದು ಮುಗಿಸಿದ್ದೆವು.

ಸ್ವಾಹಿಲಿಯಲ್ಲಿ ವಿದ್ಯುತ್ತಿಗೆ 'ಉಮೆಮೆ' ಎಂಬ ಪದವಿದೆ. ಆದರೆ ಕೆನ್ಯಾದ ಜನರ ಬಾಯಲ್ಲಿ ಅದು 'ಸ್ಟಿಮಾ', ಇಂಗ್ಲಿಷರ ಸ್ಟೀಮ್‌ನಿಂದ ಬಂದದ್ದು. ಕರೆಂಟ್ ಹೋದರೆ 'ಸ್ಟಿಮಾ ಇಮೆಪೊತೆಯಾ' ಎನ್ನುತ್ತಾರೆ, ಅಂದರೆ ಕರೆಂಟ್ ಕಳೆದುಹೋಗಿದೆ. ಹಬೆ ಎಂಬ ಈ ಹಳೆಯ ಹೆಸರು ಇಂದು ಅಕ್ಷರಶಃ ನಿಜವಾಗಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಮನೆಯ ದೀಪ ಉರಿಯಲಿ.

ಇಲ್ಲಿನ ಮನೆಗಳಲ್ಲಿ ಹೆಚ್ಚಿನವಕ್ಕೆ ಪ್ರೀಪೇಯ್ಡ್ ಮೀಟರ್. ಮೀಟರ್ ಕಟ್ಟಡದ ಕೆಳಗೋ ಹೊರಗಿನ ಕಂಬದಲ್ಲೋ ಇರುತ್ತದೆ. ನಿಮ್ಮ ಅಡುಗೆಮನೆಯ ಗೋಡೆಯಲ್ಲಿ ಕ್ಯಾಲ್ಕುಲೇಟರಿನಂಥ ಒಂದು ಸಣ್ಣ ಪೆಟ್ಟಿಗೆ ಇರುತ್ತದೆ. ಮೊಬೈಲಿನಲ್ಲಿ ಹಣ ಕಳುಹಿಸುವ ಎಂ-ಪೆಸಾ ಸೇವೆಯಲ್ಲಿ ಪೇಬಿಲ್ ಆಯ್ಕೆಗೆ ಹೋಗಿ, ವ್ಯಾಪಾರದ ಸಂಖ್ಯೆಯಾಗಿ 888880 ಒತ್ತಿ, ಖಾತೆ ಸಂಖ್ಯೆಯ ಜಾಗದಲ್ಲಿ ಮೀಟರ್ ಸಂಖ್ಯೆ ಹಾಕಿ ಹಣ ಕಳುಹಿಸಿದರೆ 20 ಅಂಕಿಗಳ ಟೋಕನ್ ಸಂದೇಶವಾಗಿ ಬರುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಒತ್ತಬೇಕು. ಕತ್ತಲಲ್ಲಿ, ಮೊಬೈಲಿನ ಬೆಳಕಿನಲ್ಲಿ, ಸಂದೇಶ ಬಂದದ್ದೂ ಬೆಳಕು ಕೊಡುತ್ತಿರುವುದೂ ಒಂದೇ ಮೊಬೈಲ್ ಆಗಿರುವಾಗ, 20 ಅಂಕಿ ತಪ್ಪಿಲ್ಲದೆ ಒತ್ತುವುದು ಒಂದು ಸಾಧನೆಯೇ. ಮೊದಲು ಕಾಗದದ ಮೇಲೆ ನಾಲ್ಕು ನಾಲ್ಕು ಅಂಕಿಯಾಗಿ ಬರೆದುಕೊಳ್ಳಿ.

ಬಾಡಿಗೆಗೆ ಮನೆ ಹಿಡಿಯುವ ಮುನ್ನ ಮೂರು ವಿಷಯ ಕೇಳಿ. ಮೀಟರ್ ನಿಮ್ಮ ಮನೆಗೆ ಮಾತ್ರವೇ, ಅಥವಾ ಹಿಂದಿನ ಕೋಣೆಯವರದ್ದೂ ಅದರಲ್ಲೇ ಸೇರಿದೆಯೇ? ಹಳೆಯ ಬಾಕಿ ಇದೆಯೇ? ಇದ್ದರೆ ನೀವು ಕಟ್ಟಿದ ಹಣ ಮೊದಲು ಅಲ್ಲಿಗೇ ಹೋಗಬಹುದು. ಮೂರನೆಯದು, ಮನೆ ಬಹುಕಾಲ ಖಾಲಿ ಬಿದ್ದಿತ್ತೇ? 2024ರ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಈ ಬಗೆಯ ಮೀಟರ್‌ಗಳ ಕಾಲಗಣನೆಯ ಲೆಕ್ಕ ಮುಗಿದು, ಪ್ರತಿ ಮೀಟರಿಗೂ ಹೊಸ ಸಂಕೇತಗಳನ್ನು ಒಂದು ಸಲ ಒತ್ತಬೇಕಾಗಿ ಬಂತು. ಆಗ ಒತ್ತದೆ ಬಿಟ್ಟ ಮೀಟರ್ ಈಗ ಎಷ್ಟು ಟೋಕನ್ ಕೊಟ್ಟರೂ ಬೇಡವೆನ್ನುತ್ತದೆ.

ಊರಿಂದ ತಂದ ಮಿಕ್ಸಿ, ಗ್ರೈಂಡರ್ ಬಗ್ಗೆ ಚಿಂತೆ ಬೇಡ. ಇಲ್ಲಿಯೂ 240 ವೋಲ್ಟ್, 50 ಹರ್ಟ್ಜ್. ಪ್ಲಗ್ ಮಾತ್ರ ಬ್ರಿಟಿಷರ ಚೌಕ ಕಡ್ಡಿಯದು, ಅಡಾಪ್ಟರ್ ಕೊಂಡರೆ ಸಾಕು. ಟೋಕನ್ ನುಂಗುವುದು ಸ್ನಾನದ ಮನೆ. ನೀರು ಸುರಿಯುವ ತಲೆಯಲ್ಲೇ ಹೀಟರ್ ಕೂಡಿಸಿದ ಶವರ್ ಇಲ್ಲಿ ಅನೇಕ ಮನೆಗಳಲ್ಲಿದೆ. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ಜುಲೈ ಬೆಳಗ್ಗೆ ತಣ್ಣೀರು ಮುಟ್ಟಲಾಗದು. ಮನೆಮಂದಿಯೆಲ್ಲ ನಿಧಾನವಾಗಿ ಸ್ನಾನ ಮಾಡುವವರಾದರೆ ಟೋಕನ್ ಕೊಳ್ಳುವ ಕೆಲಸಕ್ಕೆ ಬಿಡುವೇ ಇರುವುದಿಲ್ಲ.

ಈಗ ಆ ಸಂದೇಶವನ್ನು ಅಳಿಸುವ ಮುನ್ನ ಇನ್ನೊಮ್ಮೆ ನೋಡಿ. ಯುನಿಟ್ ಎಷ್ಟು, ಟೋಕನ್ನಿನ ಮೊತ್ತ ಎಷ್ಟು, 'ಇತರ ಶುಲ್ಕ' ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಸಾವಿರ ಶಿಲ್ಲಿಂಗ್ ಕಟ್ಟಿದರೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಈ ಇತರ ಶುಲ್ಕಕ್ಕೇ ಹೋಗುತ್ತದೆ. ಕೆನ್ಯಾದ ಇಂಧನ ನೀತಿಯ ಸಿಹಿಯೂ ಕಹಿಯೂ ಅಡಗಿರುವುದು ಇಲ್ಲಿಯೇ. 16 ಶೇಕಡ ವ್ಯಾಟ್, ಹಳ್ಳಿಗಳಿಗೆ ಕರೆಂಟ್ ಕೊಡಲು 5 ಶೇಕಡ, ನಿಯಂತ್ರಕರಿಗೆ ಒಂದಿಷ್ಟು, ಜಲವಿದ್ಯುತ್ತಿಗೆ ಬಳಸಿದ ನೀರಿಗೆ ಒಂದಿಷ್ಟು. ಇವು ಹೆಚ್ಚುಕಡಿಮೆ ಸ್ಥಿರವಾದವು. ತಿಂಗಳಿಂದ ತಿಂಗಳಿಗೆ ಏರಿಳಿಯುವವು ಮುಖ್ಯವಾಗಿ ಎರಡು: ಇಂಧನ ವೆಚ್ಚ ಮತ್ತು ವಿದೇಶಿ ವಿನಿಮಯದ ಹೊಂದಾಣಿಕೆ. ಮೊದಲನೆಯದು ಏರಿದರೆ ದೇಶದಲ್ಲಿ ಎಣ್ಣೆ ಸುಡುವ ಸ್ಥಾವರಗಳು ಹೆಚ್ಚು ಹೊತ್ತು ಓಡಿವೆ ಎಂದು ತಿಳಿಯಿರಿ. ಎರಡನೆಯದು ಏರಿದರೆ ಶಿಲ್ಲಿಂಗ್ ಕುಸಿದಿದೆ ಎಂದು. 2024ರ ಜನವರಿಯಲ್ಲಿ ಡಾಲರಿಗೆ 160 ಶಿಲ್ಲಿಂಗ್ ಆದಾಗ ನಮ್ಮ ಕರೆಂಟಿಗೂ ಅದರ ಬಿಸಿ ತಟ್ಟಿತ್ತು.

ದರದಲ್ಲಿ ಮೂರು ಮೆಟ್ಟಿಲುಗಳಿವೆ: ತಿಂಗಳಿಗೆ 30 ಯುನಿಟ್ ಒಳಗಿನವರು, 100ರ ಒಳಗಿನವರು, ಅದಕ್ಕೂ ಮೇಲಿನವರು. ಯಾವ ಮೆಟ್ಟಿಲು ಎಂಬುದನ್ನು ಹಿಂದಿನ ಮೂರು ತಿಂಗಳ ಸರಾಸರಿ ನೋಡಿ ನಿರ್ಧರಿಸುತ್ತಾರೆ. ಹಾಗಾಗಿ ತಿಂಗಳ ಮೊದಲ ದಿನ ಕೊಂಡರೆ ಹೆಚ್ಚು ಯುನಿಟ್ ಸಿಗುತ್ತದೆ ಎಂದು ಸ್ನೇಹಿತರು ಹೇಳುವ ಉಪಾಯ ಹಳೆಯದಾಯಿತು.

ಈ ಹಣ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಕನ್ನಡಿಗರಿಗೆ ವಿವರಿಸುವುದು ಸುಲಭ. ಕೆನ್‌ಜೆನ್ ಇಲ್ಲಿಯ ಕೆಪಿಸಿಎಲ್, ಕರೆಂಟ್ ಉತ್ಪಾದಿಸುವ ಕಂಪನಿ; ಕೆಟ್ರಾಕೊ ಇಲ್ಲಿಯ ಕೆಪಿಟಿಸಿಎಲ್, ಅದನ್ನು ದೂರ ಸಾಗಿಸುವ ಕಂಪನಿ; ದರ ನಿಗದಿ ಮಾಡುವ ನಿಯಂತ್ರಕ ಎಪ್ರಾ ಇಲ್ಲಿಯ ಕೆಇಆರ್‌ಸಿ. ಆದರೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ ಎಂಬ ಭಾಗಗಳಿಲ್ಲ. ದೇಶಕ್ಕೆಲ್ಲ ಮನೆಮನೆಗೆ ಕರೆಂಟ್ ಹಂಚುವುದು ಬಹುಮಟ್ಟಿಗೆ ಕೆನ್ಯಾ ಪವರ್ ಒಂದೇ. ಅದರಲ್ಲಿ ಸರ್ಕಾರದ ಪಾಲು ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಎಪ್ರಾ ಮಾತ್ರ ಕೆಇಆರ್‌ಸಿಗಿಂತ ದೊಡ್ಡ ಯಜಮಾನ, ಪೆಟ್ರೋಲ್ ಬೆಲೆಯನ್ನೂ ಅದೇ ನಿಗದಿ ಮಾಡುತ್ತದೆ.

ಇನ್ನು ಹಬೆಯ ವಿಷಯ. ನೈರೋಬಿಯಿಂದ ವಾಯವ್ಯಕ್ಕೆ, ರಿಫ್ಟ್ ಕಣಿವೆಗೆ ಇಳಿದು ನೈವಾಷಾ ಸರೋವರ ದಾಟಿದರೆ ಓಲ್ಕಾರಿಯಾ ಸಿಗುತ್ತದೆ. ಭಾನುವಾರದ ಪ್ರವಾಸಕ್ಕೆ ಎಲ್ಲರೂ ಪಕ್ಕದ ಹೆಲ್ಸ್ ಗೇಟ್ ಉದ್ಯಾನಕ್ಕೆ ಹೋಗುತ್ತಾರೆ, ನೀವೂ ಹೋಗಿ, ಆದರೆ ಮೂಗು ಮುಚ್ಚಿಕೊಳ್ಳಲು ಸಿದ್ಧರಾಗಿರಿ. ಗುಡ್ಡದ ಇಳಿಜಾರಿನಲ್ಲಿ ಬೆಳ್ಳಿ ಬಣ್ಣದ ದಪ್ಪ ಕೊಳವೆಗಳು ಅಂಕುಡೊಂಕಾಗಿ ಹರಿದಿರುತ್ತವೆ. ಅಲ್ಲಲ್ಲಿ ಅವು ಬಾಗಿಲ ಚೌಕಟ್ಟಿನಂತೆ ಮೇಲೆದ್ದು ಮತ್ತೆ ಇಳಿಯುತ್ತವೆ, ಜಿರಾಫೆಗಳು ಅಡಿಯಿಂದ ದಾಟಿಹೋಗಲಿ ಎಂದು. ಕೊಳೆತ ಮೊಟ್ಟೆಯ ವಾಸನೆ, ಬಿಳಿ ಹಬೆ, ಒಂದೇ ಸಮನೆ ಭೋರ್ಗರೆತ. ನೆಲದೊಳಗೆ ಎರಡು ಮೂರು ಕಿಲೋಮೀಟರ್ ಕೊರೆದು ಭೂಮಿಯ ಹಬೆಯನ್ನೇ ಹೊರತೆಗೆದು ಟರ್ಬೈನ್ ತಿರುಗಿಸುವ ವ್ಯವಸ್ಥೆ ಇದು. 1950ರ ದಶಕದಲ್ಲೇ ಇಲ್ಲಿ ಕೊರೆಯಲು ತೊಡಗಿದ್ದರು. ಮೊದಲ 15 ಮೆಗಾವ್ಯಾಟ್ ಘಟಕ ಓಡಿದ್ದು 1981ರಲ್ಲಿ. ಇಂದು ದೇಶದ ಭೂಶಾಖದ ಸಾಮರ್ಥ್ಯ 900 ಮೆಗಾವ್ಯಾಟ್ ದಾಟಿದೆ, ಆಫ್ರಿಕಾದಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ.

ಕೆನ್ಯಾದ ಕರೆಂಟಿನಲ್ಲಿ ಐದರಲ್ಲಿ ಸುಮಾರು ಎರಡು ಪಾಲು ಈ ಹಬೆಯದು. ತಾನಾ ನದಿಯ ಮಸಿಂಗಾ, ಕಂಬುರು, ಗಿತಾರು, ಕಿಂದರುಮಾ, ಕಿಯಂಬೆರೆ ಅಣೆಕಟ್ಟುಗಳ ಸಾಲು, ತುರ್ಕಾನಾ ಸರೋವರದ ಬಳಿಯ 365 ಗಾಳಿಯಂತ್ರಗಳು, ಗರಿಸ್ಸಾದ ಸೌರ ಸ್ಥಾವರ ಎಲ್ಲ ಸೇರಿದರೆ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ನವೀಕರಿಸಬಹುದಾದ ಮೂಲಗಳದ್ದು. ಕಲ್ಲಿದ್ದಲು ಒಂದು ಚೂರೂ ಇಲ್ಲ. ಲಾಮು ಎಂಬ ಪುರಾತನ ದ್ವೀಪಪಟ್ಟಣದ ಬಳಿ 1,050 ಮೆಗಾವ್ಯಾಟ್‌ನ ಕಲ್ಲಿದ್ದಲು ಸ್ಥಾವರ ಕಟ್ಟಲು ಹೊರಟಿದ್ದರು, ಸ್ಥಳೀಯರು ಹೋರಾಡಿದರು, ಪರಿಸರ ನ್ಯಾಯಮಂಡಳಿ 2019ರ ಜೂನ್‌ನಲ್ಲಿ ಪರವಾನಗಿಯನ್ನು ರದ್ದುಮಾಡಿತು. ರಾಯಚೂರಿನ ಬೂದಿ ಕಂಡವರಿಗೆ ಇದರ ಬೆಲೆ ಹೇಳಬೇಕಿಲ್ಲ.

ಹಾಗೆಂದು ಮೈಮರೆಯಬೇಡಿ. ಪ್ರಮಾಣವನ್ನೂ ನೋಡಿ. ಐದು ಕೋಟಿ ಮೀರಿದ ಜನರ ಈ ದೇಶದ ಗರಿಷ್ಠ ಬೇಡಿಕೆ 2,300 ಮೆಗಾವ್ಯಾಟ್ ದಾಟಿದ್ದು 2025ರಲ್ಲಿ. ಕರ್ನಾಟಕದ್ದು 17,000 ದಾಟಿದೆ. ಪಾವಗಡದ ಸೌರ ಪಾರ್ಕ್ ಒಂದರದ್ದೇ 2,050 ಮೆಗಾವ್ಯಾಟ್. ಸ್ವಚ್ಛ ವಿದ್ಯುತ್ ಶೇಕಡಾವಾರಿನಲ್ಲಿ ಕೆನ್ಯಾ ಮುಂದಿರುವುದಕ್ಕೆ ಅದು ಕಡಿಮೆ ಬಳಸುವುದೂ ಒಂದು ಕಾರಣ. ಕಾಲುಭಾಗದಷ್ಟು ಜನರ ಮನೆಗೆ ಇನ್ನೂ ಕರೆಂಟ್ ತಲುಪಿಲ್ಲ. ಬೆಳಕಿನ ಲಾಭ ಒಬ್ಬರಿಗೆ, ನೆಲ ಇನ್ನೊಬ್ಬರದು ಎಂಬ ಶರಾವತಿಯ ಹಳೆಯ ಕತೆ ಇಲ್ಲಿಯೂ ಇದೆ. ಓಲ್ಕಾರಿಯಾದ ನಾಲ್ಕನೆಯ ಸ್ಥಾವರಕ್ಕಾಗಿ 2014ರಲ್ಲಿ ಮಾಸಾಯಿ ಕುಟುಂಬಗಳನ್ನು ಬೇರೆಡೆಗೆ ಸಾಗಿಸಿದರು. ತುರ್ಕಾನಾ ಗಾಳಿ ಯೋಜನೆಯ ಜಮೀನಿನ ಹಕ್ಕುಪತ್ರ ಕ್ರಮಬದ್ಧವಲ್ಲವೆಂದು 2021ರಲ್ಲಿ ಮೇರು ಪಟ್ಟಣದ ನ್ಯಾಯಾಲಯ ಹೇಳಿತು.

ಕರೆಂಟ್ ಸ್ವಂತದ್ದು, ತಂತಿ ಸಾಲದ್ದು ಎಂದು ನಾನು ಹೊಸಬರಿಗೆ ಹೇಳುವುದುಂಟು. ತುರ್ಕಾನಾದ 310 ಮೆಗಾವ್ಯಾಟ್ ಗಾಳಿಯಂತ್ರಗಳು 2017ರಲ್ಲೇ ನಿಂತಿದ್ದವು. ಅಲ್ಲಿಂದ ರಿಫ್ಟ್ ಕಣಿವೆಯ ಸುಸ್ವಾವರೆಗೆ 400ಕ್ಕೂ ಹೆಚ್ಚು ಕಿಲೋಮೀಟರ್ ತಂತಿ ಎಳೆಯಬೇಕಿದ್ದ ಸ್ಪೇನಿನ ಕಂಪನಿ ದಿವಾಳಿಯಾಯಿತು. 2018ರ ಸೆಪ್ಟೆಂಬರ್‌ವರೆಗೆ ಅವು ದೇಶದ ವಿದ್ಯುತ್ ಜಾಲಕ್ಕೆ ಸೇರಲಿಲ್ಲ, ಒಪ್ಪಂದದ ಪ್ರಕಾರ ಆ ಅವಧಿಗೂ ಹಣ ತೆರಬೇಕಾಯಿತು. ಬಳಸಿದರೂ ಬಿಟ್ಟರೂ ಕೊಡಬೇಕಾದ ಇಂಥ ಪಾವತಿಗಳು ಖಾಸಗಿ ಉತ್ಪಾದಕರ ಒಪ್ಪಂದಗಳಲ್ಲಿವೆ, ಬಹುಪಾಲು ಡಾಲರ್ ಇಲ್ಲವೇ ಯೂರೋ ಲೆಕ್ಕದಲ್ಲಿ. ನಿಮ್ಮ ಟೋಕನ್ನಿನ ವಿನಿಮಯ ಹೊಂದಾಣಿಕೆಯ ಬೇರು ಇರುವುದು ಇಲ್ಲಿ. ತಂತಿಯ ಕೊರತೆ ನೀಗಿಸಲು 2024ರಲ್ಲಿ ನಮ್ಮ ದೇಶದ ಅದಾನಿ ಸಮೂಹದ ಕಂಪನಿಯ ಜೊತೆ ಮಾಡಿಕೊಂಡ ಒಪ್ಪಂದವನ್ನು ಅಧ್ಯಕ್ಷ ರುಟೊ ಅದೇ ನವೆಂಬರ್‌ನಲ್ಲಿ ರದ್ದುಗೊಳಿಸಿದರು. ಆ ತಿಂಗಳೆಲ್ಲ ಟ್ಯಾಕ್ಸಿ ಹತ್ತಿದರೆ ಸಾಕು, ಚಾಲಕರು ಆ ಬಗ್ಗೆ ನನ್ನನ್ನೇ ವಿಚಾರಿಸುತ್ತಿದ್ದರು, ನಾನೇ ಸಹಿ ಹಾಕಿದ್ದೆನೋ ಎಂಬಂತೆ.

ಸಂಜೆ ಆರೂವರೆಯಿಂದ ಹತ್ತರವರೆಗೆ ಬೇಡಿಕೆ ಏರುತ್ತದೆ. ಸೂರ್ಯ ಮುಳುಗಿರುತ್ತಾನೆ, ಗಾಳಿಯನ್ನು ನಂಬುವಂತಿಲ್ಲ. ಆಗ ಅಥಿ ರಿವರ್, ಮೊಂಬಾಸಾದ ಎಣ್ಣೆ ಸ್ಥಾವರಗಳೂ ಇಥಿಯೋಪಿಯಾದಿಂದ ಬರುವ ಕರೆಂಟೂ ಬೇಕು. ಮಧ್ಯರಾತ್ರಿಯ ಮೇಲೆ ನೋಡಿದರೆ ಹಬೆಗೆ ಗಿರಾಕಿಯಿಲ್ಲ. ಬಟ್ಟೆ ಒಗೆಯುವ ಯಂತ್ರವನ್ನು ರಾತ್ರಿ ಓಡಿಸಿದರೆ ಮನೆಯ ದರವೇನೂ ಇಳಿಯುವುದಿಲ್ಲ, ಆದರೆ ಕಾರ್ಖಾನೆ ನಡೆಸುವವರಿಗೆ 2017ರ ಕೊನೆಯಿಂದ ರಾತ್ರಿಯ ಬಳಕೆಗೆ ರಿಯಾಯಿತಿ ಇದೆ, ವಿಚಾರಿಸಿಕೊಳ್ಳಿ.

ದೇಶವಿಡೀ ಕತ್ತಲಾಗುವುದೂ ಉಂಟು. 2016ರ ಜೂನ್‌ನಲ್ಲಿ ಗಿತಾರು ಸ್ಥಾವರದ ಛಾವಣಿ ಏರಿದ ಕೋತಿಯೊಂದು ಟ್ರಾನ್ಸ್‌ಫಾರ್ಮರ್ ಮೇಲೆ ಬಿದ್ದು ಇಡೀ ಕೆನ್ಯಾದ ಕರೆಂಟ್ ತೆಗೆಯಿತು. ಕೋತಿ ಬದುಕಿತು. 2023ರ ಆಗಸ್ಟ್ 25ರ ರಾತ್ರಿ ನೈರೋಬಿಯ ವಿಮಾನ ನಿಲ್ದಾಣವೂ ಕತ್ತಲಲ್ಲಿ ಮುಳುಗಿತು. ಗಾಳಿ ಸ್ಥಾವರ ಕೈಕೊಟ್ಟಿತೆಂದು ಕೆನ್ಯಾ ಪವರ್, ಜಾಲದ ವೋಲ್ಟೇಜ್ ಏರಿದ್ದರಿಂದ ತಾವು ಹೊರಬಿದ್ದೆವೆಂದು ಗಾಳಿಯವರು. ಅತ್ತೆ ಸೊಸೆ ಜಗಳದಲ್ಲಿ ಮಾರನೆಯ ದಿನ ನಮ್ಮ ಫ್ರಿಜ್‌ನ ದೋಸೆ ಹಿಟ್ಟು ಹುಳಿಯಾಗಿ ಉಕ್ಕಿತ್ತು. ಹಾಗಾಗಿ ಊರಿನ ಯುಪಿಎಸ್ ಅಭ್ಯಾಸವನ್ನು ಇಲ್ಲಿ ಬಿಡಬೇಡಿ.

ಸ್ವಂತ ಮನೆ ಕೊಂಡವರಿಗೆ ಛಾವಣಿಯ ಸೌರ ಫಲಕದ ಆಸೆ ಸಹಜ. 2024ರ ನೆಟ್ ಮೀಟರಿಂಗ್ ನಿಯಮದ ಪ್ರಕಾರ ನೀವು ಜಾಲಕ್ಕೆ ಕೊಟ್ಟ ಯುನಿಟ್‌ಗಳಲ್ಲಿ ಅರ್ಧ ಮಾತ್ರ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ, ಹಣವಾಗಿ ಕೈಗೆ ಬರುವುದಿಲ್ಲ. ಆದ್ದರಿಂದ ಹಗಲಲ್ಲಿ ನಿಮಗೆ ಬೇಕಾದಷ್ಟಕ್ಕೆ ಮಾತ್ರ ಫಲಕ ಹಾಕಿಸಿ, ಉಳಿದ ಹಣವನ್ನು ಬ್ಯಾಟರಿಗೆ ಹಾಕಿ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಫಲಕ ಬೀದಿಯ ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ. ಇದನ್ನು ಮಾರುವವರು ಕೊನೆಯಲ್ಲಿ ಹೇಳುತ್ತಾರೆ. ಕೆಲಸಕ್ಕೆ ಬರುವ 'ಫುಂಡಿ'ಯ, ಅಂದರೆ ಮೇಸ್ತ್ರಿಯ, ಬಳಿ ಎಪ್ರಾದ ಪರವಾನಗಿ ಕೇಳಿ. ನಾನು ಕೇಳದೆ ಕರೆಸಿದ ಒಬ್ಬ ಮಹಾಶಯ ಅರ್ಥಿಂಗ್ ತಂತಿಯನ್ನು ಹೂಕುಂಡದ ಮಣ್ಣಿಗೆ ಚುಚ್ಚಿ ಹೋಗಿದ್ದ.

ಕೊನೆಗೆ ಎಣ್ಣೆ. ಕರೆಂಟಿನಲ್ಲಿ ಇಷ್ಟು ಸ್ವಾವಲಂಬಿಯಾದ ದೇಶ ಪೆಟ್ರೋಲು ಡೀಸೆಲನ್ನು ಪೂರ್ತಿ ಹೊರಗಿನಿಂದ, ಹಡಗಿನಲ್ಲಿ ತರಿಸುತ್ತದೆ. 2023ರಿಂದ ಸೌದಿ ಮತ್ತು ಎಮಿರೇಟ್ಸ್‌ನ ಸರ್ಕಾರಿ ಕಂಪನಿಗಳೊಡನೆ ಸಾಲದ ಮೇಲೆ ಖರೀದಿಯ ಏರ್ಪಾಡು ನಡೆದಿದೆ. ಎಲೆಕ್ಟ್ರಿಕ್ ಬಸ್ಸು, ಬಾಡಿಗೆ ಬೈಕುಗಳಾದ 'ಬೋಡಾ ಬೋಡಾ'ಗಳಿಗೆ ಬ್ಯಾಟರಿ ಎಂದು ಇಲ್ಲಿ ಇಷ್ಟು ಉತ್ಸಾಹವಿರುವುದು ಇದಕ್ಕೇ: ರಾತ್ರಿ ವ್ಯರ್ಥವಾಗುವ ಹಬೆ ಹಗಲಿನ ಪೆಟ್ರೋಲಿನ ಜಾಗಕ್ಕೆ ಬರಬಹುದು. ಅಲ್ಲಿಯವರೆಗೆ ನಿಮ್ಮ ಬಳಿ ಕಾರಿದ್ದರೆ ತಿಂಗಳ 14ನ್ನು ನೆನಪಿಡಿ. ಆ ದಿನ ಎಪ್ರಾ ಹೊಸ ಬೆಲೆ ಪ್ರಕಟಿಸುತ್ತದೆ, ಮಧ್ಯರಾತ್ರಿಯಿಂದ ಅದು ಜಾರಿ. ಏರುತ್ತದೆಂಬ ಸುದ್ದಿಯಿದ್ದರೆ ಸಂಜೆ ಬಂಕ್ ಮುಂದೆ ಸಾಲು ಬೆಳೆಯುತ್ತದೆ. ಇಳಿಯುತ್ತದೆಂದರೆ ಅರ್ಧ ಖಾಲಿ ಟ್ಯಾಂಕಿನಲ್ಲೇ ಮನೆಗೆ ಹೋಗಿ, ಬೆಳಗ್ಗೆ ಬನ್ನಿ.